ಕಲ್ಯಾಣಪ್ಪನ ಗಿಡ್ಡ ಡ್ರೈವರ್

ಮಕ್ಸೂದ್ ಕ್ಲಬ್ಬಿನ ಪಡಸಾಲೆಯಲ್ಲಿ ಚಾದರ ಹಾಸಿ ಡ್ರೈವರುಗಳನ್ನು ಒಂದರ ಪಕ್ಕ ಒಂದು ಮಲಗಿಸಿದ. ಗಾಲ್ಫಿನ ಮೊದಲ ಹೊಡೆತಕ್ಕೆ, ಚೆಂಡನ್ನು ಆದಷ್ಟು ದೂರ ಅಟ್ಟುವುದಕ್ಕೆ ಬಳಸುವ ಕೋಲುಗಳು. ತುದಿಯಲ್ಲಿ ಮುಷ್ಟಿಗಿಂತ ದಪ್ಪನೆಯ ಮರದ ತಲೆ, ತಲೆಯೂ ಕೋಲೂ ಕೂಡುವ ಕತ್ತಿನಲ್ಲಿ ಬಿಗಿಯಾಗಿ ಸುತ್ತಿದ ಕರಿಯ ದಾರ. ಪಡಸಾಲೆಯೆಲ್ಲ ಮೆರುಗೆಣ್ಣೆಯ ವಾಸನೆ. ಸಿಕಂದರಾಬಾದಿನ ಅಂಗಡಿಯೊಂದರ ಪರವಾಗಿ ಮಕ್ಸೂದ್ ಚಳಿಗಾಲಕ್ಕೊಮ್ಮೆ ರೈಲಿನಲ್ಲಿ ಕಲಬುರಗಿಗೆ ಬರುತ್ತಿದ್ದ. ಕೊರಳಲ್ಲಿ ದರ್ಜಿಯ ಹಾಗೆ ಅಳತೆಯ ಪಟ್ಟಿ.

ಕಲ್ಯಾಣಪ್ಪ ಕೋಲುಗಳ ಮುಂದೆ ಬಗ್ಗಿ ನಿಂತಿದ್ದ. ಗಂಜಿನ, ಅಂದರೆ ಊರಿನ ಸಗಟು ಪೇಟೆಯ, ಹತ್ತಿ ವ್ಯಾಪಾರಿ, ಬ್ರಹ್ಮಪುರ ಓಣಿಯವನು. ಯಾರ ಮನೆಯ ಬಾಗಿಲಲ್ಲೂ ತಲೆ ತಗ್ಗಿಸಲೇಬೇಕಾದಷ್ಟು ಎತ್ತರ. ಪೇಟೆಯಿಂದ ಈ ಕ್ಲಬ್ಬಿಗೆ ಬಂದ ಮೊದಲ ಮೆಂಬರು ಅವನೇ, ಅದೂ ಈ ಒಂದು ಚಳಿಗಾಲದ ಮಟ್ಟಿಗೆ, ಪರೀಕ್ಷೆಗೆಂದು. ಷರತ್ತು ಒಂದೇ. ಮೊದಲ ಹೊಡೆತದ ಜಾಗದ ಮುಂದೆ ಒಂದು ಅಗಲವಾದ ನಾಲಾ ಇತ್ತು. ಬೇಸಿಗೆ ಬರುವುದರೊಳಗೆ ಚೆಂಡನ್ನು ಅದರ ಆಚೆಗೆ ದಾಟಿಸಬೇಕು, ಇಲ್ಲದಿದ್ದರೆ ಹೆಸರು ತೆಗೆದುಹಾಕುತ್ತಾರೆ. ಗಂಜಿನ ಮಾಣಿಕಪ್ಪನೂ ಇನ್ನಿಬ್ಬರೂ ಮೆಂಬರಾಗಲು ಅವನ ಹಿಂದೆ ಕಾದಿದ್ದರು. ಅವನ ಚೆಂಡು ನೀರಿಗೆ ಬಿದ್ದರೆ ಅವರ ಆಸೆಯೂ ಅಲ್ಲಿಗೇ ಬಿತ್ತು ಎಂದು ಸೆಕ್ರೆಟರಿ ಖಮರುದ್ದೀನ್ ಮುಚ್ಚುಮರೆಯಿಲ್ಲದೆ ಹೇಳಿದ್ದ. ಈ ಚಳಿಗಾಲದ ಆಟದಲ್ಲಿ ಉಳಿದದ್ದು ಮುಂದಿನ ಶುಕ್ರವಾರ ಮಾತ್ರ.

ಮಕ್ಸೂದ್ ಅವನ ಕೋಟಿನ ಮೇಲೆಯೇ ಭುಜದಿಂದ ಮಣಿಕಟ್ಟಿನವರೆಗೆ ಪಟ್ಟಿ ಎಳೆದ. ಮಣಿಕಟ್ಟಿನಿಂದ ನೆಲಕ್ಕೆ ಎಳೆದ.

"ಸೇಠ್, ಹಿಂತಾ ಆಳಿಗೆ ಬ್ಯಾರೆ ಮಾತೇ ಇಲ್ಲ. ಉದ್ದನ್ನ ಮನಿಷಾಗ ಉದ್ದನ್ನ ಕೋಲು. ಇದು ತಗೋರಿ. ದೂರ ನಿಂತು, ಹಿಂಗ ಸುತ್ತ ಬೀಸಿ ಹೊಡೀರಿ. ಚೆಂಡು ಸೀದಾ ಶಹಾಬಾದಿಗೆ ಹೋಗ್ತದ."

ಚಾದರದ ಮೇಲೆ ಎಲ್ಲಕ್ಕಿಂತ ಉದ್ದನೆಯದು, ಎಲ್ಲಕ್ಕಿಂತ ಚೆಂದದ್ದು ಅದೇ. ಕತ್ತು ನೆಲದ ಕಡೆ ಓರೆಯಾಗಿ ಚಾಚಿಕೊಂಡಿತ್ತು. ಕೈಗೆ ತೆಗೆದುಕೊಂಡಾಗ ಕಲ್ಯಾಣಪ್ಪನಿಗೆ ತಾನೇ ಇನ್ನೊಂದಿಷ್ಟು ಬೆಳೆದ ಹಾಗನಿಸಿತು. ಅದನ್ನು ಹಿಡಿದು ಹೊಡೆತದ ಜಾಗಕ್ಕೆ ಹೋದ. ಒದ್ದೆ ಮಣ್ಣಿನ ಗುಪ್ಪೆ ಮಾಡಿ ಅದರ ಮೇಲೆ ಚೆಂಡು ಕೂರಿಸಿ ಬೀಸಿದ. ಚೆಂಡು ಮಂದವಾಗಿ ಎದ್ದು, ದಾರಿಯಲ್ಲೇ ದಣಿದು, ನಾಲಾದ ನಡುವೆ ಬಿತ್ತು.

"ಸಾಹುಕಾರ್," ಎಂದು ಖಮರುದ್ದೀನ್ ಪಡಸಾಲೆಯಿಂದ ಕೂಗಿದ, "ಮೀನಿಗೆ ಗಾಲ್ಫ್ ಕಲಿಸಾಕತ್ತೀರೇನು?"

ಎಲ್ಲರೂ ನಕ್ಕರು. ಮಾಣಿಕಪ್ಪ ನಗಲಿಲ್ಲ.

"ಕೈ ಕೂಡಬೇಕು ಸೇಠ್, ಹೊಸದು," ಎಂದ ಮಕ್ಸೂದ್. "ನಾ ರಾಯಚೂರಿಗೆ ಹೋಗಿ ಶುಕ್ರವಾರ ಬರ್ತೀನಿ. ಅಲ್ಲೀತನಕ ನಿಮ್ಮ ಹಂತ್ಯಾಕ ಇರಲಿ. ಮನಸಿಗೆ ಬಂದರ ಇಟ್ಕೋರಿ, ಇಲ್ಲಂದ್ರ ಹಂಗೇ ವಾಪಸ್ ಕೊಡ್ರಿ. ಖರೆ, ಒಂದು ಗೀರು ಬೀಳಬಾರದು ನೋಡ್ರಿ."

ಕಲಬುರಗಿಯಲ್ಲಿ ಎಲ್ಲಿ ಬೀಸಿದರೂ ನೋಡುವ ಕಣ್ಣುಗಳಿದ್ದವು. ಕಲ್ಯಾಣಪ್ಪ ಡ್ರೈವರನ್ನು ಕಂಬಳಿಯಲ್ಲಿ ಸುತ್ತಿ ಟಪಾಲಿನ ಮೋಟಾರು ಹತ್ತಿ ಕಮಲಾಪುರಕ್ಕೆ ಹೋದ. ಹೆಂಡತಿ ಶಿವಕಾಂತಮ್ಮ ಅಲ್ಲಿ ತವರುಮನೆಯಲ್ಲಿದ್ದಳು. ವರ್ಷದ ಖಾರ ಕುಟ್ಟುವ ಹಂಗಾಮು. ಮನೆಯ ಹಿಂದೆ ಜೋಳ ಕೊಯ್ದ ಹೊಲ ಬರಿದಾಗಿತ್ತು. ಹೊಲದಾಚೆ ಕೆಂಪು ಬಾಳೆಯ ತೋಟ. ತೋಟದ ತಲೆಯ ಮೇಲೆ ಹಾಯ್ದ ಚೆಂಡು ನಾಲಾವನ್ನೂ ಹಾಯುತ್ತದೆ ಎಂದು ಅವನು ಕಣ್ಣಲ್ಲೇ ಲೆಕ್ಕ ಹಾಕಿದ.

ಒಂದೂ ಹಾಯಲಿಲ್ಲ. ಬೀಸಿದಷ್ಟೂ ಬೆವರು, ಬೆವರಿದಷ್ಟೂ ಸಿಟ್ಟು. ಚೆಂಡುಗಳು ತೋಟದ ಈಚೆಯ ಬದುವಿನಲ್ಲಿ ಕೋಳಿಮೊಟ್ಟೆಗಳ ಹಾಗೆ ಕೂತವು. ಬೇವಿನ ಮರದಡಿ ಮೆಣಸಿನಕಾಯಿ ಕುಟ್ಟುತ್ತಿದ್ದ ಶಿವಕಾಂತಮ್ಮ ಒನಕೆ ನಿಲ್ಲಿಸಿ ನೋಡುತ್ತಿದ್ದಳು. ಮೂಗಿಗೆ ಸೆರಗು ಕಟ್ಟಿದ್ದರಿಂದ ಕಣ್ಣು ಮಾತ್ರ ಕಾಣುತ್ತಿತ್ತು. ಆ ಕಣ್ಣು ನಗುತ್ತಿತ್ತು.

"ರೀ, ನೀವು ಯಾರಿಗೆ ಅಂಜಾಕತ್ತೀರಿ?"

"ಅಂಜೂದು? ನಾ ಯಾರಿಗೂ ಅಂಜಂಗಿಲ್ಲ."

"ಮತ್ತ ಕೈ ಅರ್ಧಕ್ಕ ಯಾಕ ನಿಲ್ತಾವ? ಎದಿಮ್ಯಾಲ ಕೂಸು ಮಲಗ್ಯಾದ, ಎಲ್ಲಿ ಬಡೀತದೋ ಅಂಬಂಗ ತಡೀತೀರಿ."

ಕಲ್ಯಾಣಪ್ಪನ ಕೈ ತಾನಾಗಿ ಎದೆಗೆ ಹೋಯಿತು. ಕೋಟಿನ ಕೆಳಗೆ, ಅಂಗಿಯ ಕೆಳಗೆ ಬೆಳ್ಳಿಯ ಕರಡಿಗೆ, ಅದರಲ್ಲಿ ಇಷ್ಟಲಿಂಗ. ನೆನಪು ಶುರುವಾಗುವ ಮೊದಲೇ ಕೊರಳಿಗೆ ಬಂದದ್ದು, ಇದೆ ಎನ್ನುವುದೂ ಮರೆತುಹೋಗುವಷ್ಟು ತನ್ನದು. ಅವನು ಡ್ರೈವರನ್ನು ಮೆಲ್ಲಗೆ, ತೀರ ಮೆಲ್ಲಗೆ ಹಿಂದಕ್ಕೆ ಒಯ್ದು ನೋಡಿದ. ಕೋಲು ಉದ್ದ, ಚೆಂಡಿನಿಂದ ದೂರ ನಿಂತು ಕೈಗಳನ್ನು ಮೈಸುತ್ತ ತಿರುಗಿಸಬೇಕು. ಹಾಗೆ ತಿರುಗಿಸುವಾಗ ಎಡತೋಳು ಎದೆಗೆ ಅಡ್ಡ ಬಂದು ಕರಡಿಗೆಯ ಹತ್ತಿರ ಸರಿಯಿತು. ಇನ್ನೇನು ತಗುಲಬೇಕು, ತೋಳು ನಿಂತುಬಿಟ್ಟಿತು. ನಿಲ್ಲು ಎಂದು ಅವನು ಹೇಳಿರಲಿಲ್ಲ. ಚಳಿಗಾಲವಿಡೀ ಈ ತೋಳು ಅವನನ್ನು ಕೇಳದೆಯೇ ಕಾವಲು ನಿಂತಿತ್ತು, ಅವನು ಮಾತ್ರ ಚೆಂಡನ್ನು ಬಯ್ಯುತ್ತಿದ್ದ.

ಕರಡಿಗೆಯನ್ನು ವಸ್ತ್ರದಿಂದ ಎದೆಗೆ ಬಿಗಿಯಾಗಿ ಕಟ್ಟಿ ನೋಡಿದ. ತೋಳು ಇನ್ನೂ ಬೇಗ ನಿಂತಿತು. ತೆಗೆದಿಡುವ ಮಾತು ಗಂಡಹೆಂಡಿರಿಬ್ಬರ ಬಾಯಲ್ಲೂ ಬರಲಿಲ್ಲ; ಬರುವಂಥ ಮಾತೂ ಅಲ್ಲ.

"ನನ್ನ ಕೊರಳಾಗೂ ಅದ," ಎಂದಳು ಶಿವಕಾಂತಮ್ಮ. "ನಾ ದಿನಾ ಒನಕಿ ಎತ್ತಂಗಿಲ್ಲೇನು? ಹಿಂಗ ನೋಡ್ರಿ. ಕೈ ಮ್ಯಾಲ ಹೋಗ್ತಾವ. ಎದಿ ಮುಂದ ಅಡ್ಡ ಬರೂದೇ ಇಲ್ಲ." ಒನಕೆ ನೆಟ್ಟಗೆ ಎದ್ದು ನೆಟ್ಟಗೆ ಇಳಿಯಿತು. "ತಗೋರಿ, ಎತ್ರಿ ಒಂದು ಸರ್ತಿ."

ಅವನು ಎತ್ತಿದ. ಅಷ್ಟರಲ್ಲಿ ಅತ್ತೆ ಸೂಗಮ್ಮ ಹಿತ್ತಲ ಬಾಗಿಲಿಗೆ ಬಂದರು.

"ಏ ಹುಚ್ಚಿ! ಅಳಿಯಂದ್ರ ಕೈಯಾಗ ಒನಕಿ ಕೊಟ್ಟೀಯಲ್ಲ! ಓಣ್ಯಾಗಿನವರು ನೋಡಿದರ ಏನಂದಾರು?"

"ಗಾಲ್ಫ್ ಕಲಿಯಾಕತ್ತಾರವ್ವ."

"ಮೆಣಸಿನಕಾಯಿ ಮ್ಯಾಲ?"

ಕಲ್ಯಾಣಪ್ಪ ಕೆಮ್ಮುತ್ತ, ಸೀನುತ್ತ, ನಗುತ್ತ ಒನಕೆ ಎತ್ತಿದ, ಇಳಿಸಿದ. ತೋಳು ಎಲ್ಲಿಯೂ ನಿಲ್ಲಲಿಲ್ಲ. ಮೊದಲ ಸಲ ಅದು ಹೆದರಿಕೆಯಿಲ್ಲದೆ ಹೆಗಲ ಮೇಲಕ್ಕೆ ಏರಿತು. ಆಗ ಅವನಿಗೆ ತನ್ನ ಕೋಲು ಹೇಗಿರಬೇಕೆಂದು ಕಣ್ಣೆದುರಿಗೆ ಬಂದಂತಾಯಿತು: ಗಿಡ್ಡ ಇರಬೇಕು, ತನ್ನನ್ನು ಚೆಂಡಿನ ಹತ್ತಿರ ನಿಲ್ಲಿಸಬೇಕು, ಕತ್ತು ಓರೆಯಾಗದೆ ನೆಟ್ಟಗಿರಬೇಕು, ಕೈಗಳನ್ನು ಮೇಲಕ್ಕೆ ಒಯ್ಯಬೇಕು. ಅಂಥದ್ದು ಮಕ್ಸೂದನ ಚಾದರದ ಮೇಲೆ ಇರಲಿಲ್ಲ. ಇದ್ದದ್ದು ಇದೊಂದೇ, ಗೀರು ಬೀಳಬಾರದ್ದು.

ಅವನು ಅದನ್ನು ಆ ಊರಿನ ಬಡಿಗೇರ ಮಾಪಣ್ಣನ ಕಟ್ಟೆಯ ಮೇಲೆ ಇಟ್ಟು, "ಕೊಯ್ಯೋ," ಎಂದ.

ಮಾಪಣ್ಣ ಮೀಸೆ ತೀಡಿದ. "ಅಳಿಯಂದ್ರ, ಈ ಸೀಮೆಯೊಳಗ ತಿರಗೂ ಬಂಡಿ ಎಲ್ಲಾ ನನ್ನ ಗಾಲಿಮ್ಯಾಲ ತಿರಗ್ತಾವ. ಇದೊಂದು ಕೋಲು ಯಾವ ಲೆಕ್ಕ? ಚಹಾ ಕುಡಿಯೂದ್ರಾಗ ಮುಗಸ್ತೀನಿ."

ಹಿಡಿಕೆಯ ಕಡೆಯಿಂದ ಗೇಣುದ್ದ ಕೊಯ್ದ. ಕತ್ತಿನ ದಾರ ಬಿಚ್ಚಿ, ಕುದಿಯುವ ನೀರಿನ ಹಬೆ ಹಿಡಿದು ಅಂಟು ಸಡಿಲಿಸಿ ತಲೆಯನ್ನು ಬೇರೆ ಮಾಡಿದ. ಕೂಡುವ ಕಡೆ ಉಜ್ಜುಗೊರಡು ಆಡಿಸಿ ಹೊಸ ಕೋನದಲ್ಲಿ ಜೋಡಿಸಿ ನೆಲಕ್ಕೆ ಇಟ್ಟ. ತಲೆಯ ಹಿಮ್ಮಡಿ, ಕತ್ತಿನ ಕಡೆಯ ತುದಿ, ಮಣ್ಣಿಗೆ ಊರಿ ಮೂತಿ ಆಕಾಶ ನೋಡಿತು.

"ಮುಂಗಾಲು ಎತ್ತಿದ ಹೋರಿ ಹಂಗ ನಿಂತದ," ಎಂದಳು ಹಿಂದೆಯೇ ಬಂದಿದ್ದ ಶಿವಕಾಂತಮ್ಮ.

"ನೆಲ ಸೊಟ್ಟ ಅದರೀ ಅವ್ವಾರ."

ಕಲ್ಯಾಣಪ್ಪ ಹಲಗೆಯ ಮೇಲಿಟ್ಟು ನೋಡಿದ. ಅಲ್ಲಿಯೂ ಹೋರಿಯೇ. ಮಾಪಣ್ಣ ಹಲಗೆಯನ್ನೂ ಬಯ್ದ. ಕಲ್ಯಾಣಪ್ಪ ಅವನು ಮರಕ್ಕೆ ಗೆರೆ ಹಾಕುವ ಕೆಮ್ಮಣ್ಣಿನ ಬಟ್ಟಲು ಎಳೆದುಕೊಂಡು ಹಲಗೆಯ ಮೇಲೆ ತೆಳ್ಳಗೆ ಬಳಿದ. ಕೋಟು ಬಿಚ್ಚಿಟ್ಟು, ಚೆಂಡಿನ ಮುಂದೆ ನಿಲ್ಲುವ ಹಾಗೆಯೇ ನಿಂತ. ಕಣ್ಣು ಮುಚ್ಚಿ ಕೈ ಸಡಿಲ ಬಿಟ್ಟು ಡ್ರೈವರನ್ನು ಹಲಗೆಗೆ ಮುಟ್ಟಿಸಿ ಎತ್ತಿದ. ತಲೆಯ ತಳದಲ್ಲಿ ಹಿಮ್ಮಡಿಗೆ ಮಾತ್ರ ಕೆಂಪು ಹತ್ತಿತ್ತು.

"ಕೆಂಪು ನಡುವಿಗೆ ಬರೂತನಕ ಬಿಡಂಗಿಲ್ಲ," ಎಂದ.

"ನಿಮ್ಮದು ಭಾರಿ ಹಟ ಬಿಡ್ರಿ."

"ನಿಂದು ಭಾರಿ ಬಾಯಿ. ಉಜ್ಜು."

ಬಿಚ್ಚಿದರು, ಉಜ್ಜಿದರು, ಕೂಡಿಸಿದರು. ಮತ್ತೆ ಹಲಗೆ, ಮತ್ತೆ ಕೆಮ್ಮಣ್ಣು. ಈಗ ಮೂತಿಗೆ ಹತ್ತಿತು, ಈಗ ಹಿಮ್ಮಡಿಗೆ. ಚಹಾ ಆರಿತು, ಮತ್ತೊಂದು ಬಂತು, ಅದೂ ಆರಿತು. ಕಡೆಗೊಮ್ಮೆ ತಳದ ನಟ್ಟನಡುವೆ ದುಂಡಗೆ ಕೆಂಪು ಮೂಡಿದಾಗ ಮಾಪಣ್ಣ, "ನಾ ಮೊದಲೇ ಹೇಳಿದ್ದೆ," ಎಂದು ಎಲ್ಲರ ಮುಖ ನೋಡಿದ. ಅಂಟು ಹಾಕಿ, ಮೇಣ ತಿಕ್ಕಿದ ದಾರ ಸುತ್ತಿ ಒಣಗಲು ಬಿಟ್ಟರು.

ಮರುದಿನ ಹೊಲದಲ್ಲಿ ಕಲ್ಯಾಣಪ್ಪ ಚೆಂಡಿನ ಹತ್ತಿರ ನಿಂತ. ಕೈಗಳು ಮೇಲೆ ಹೋದವು. ಇಳಿದವು. ಒಣಗಿದ ಬೀಜದ ಕಾಯಿ ಒಡೆದ ಹಾಗೆ ಒಂದು ಶಬ್ದ. ಕೈಗೆ ಏನೂ ತಗುಲಿದಂತೆ ಆಗಲೇ ಇಲ್ಲ. ಬಾಳೆಯ ಎಲೆಗಳು ಕತ್ತೆತ್ತಿ ನೋಡುತ್ತಿದ್ದ ಹಾಗೆ ಚೆಂಡು ಅವುಗಳ ಮೇಲೆ ಹಾಯ್ದು ಆಚೆ ಎಲ್ಲೋ ಇಳಿಯಿತು.

"ಅಯ್ಯ, ತ್ವಾಟದವರು ಬೈತಾರ್ರೀ!" ಎಂದು ಶಿವಕಾಂತಮ್ಮ ಕಿರುಚಿದಳು. ಅವಳ ಎರಡೂ ಕೈ ಗಾಳಿಯಲ್ಲಿದ್ದವು.

ಶುಕ್ರವಾರ ಕ್ಲಬ್ಬಿನಲ್ಲಿ ಡ್ರೈವರನ್ನು ಕಂಡು ಮಕ್ಸೂದ್ ಹಣೆ ಬಡಿದುಕೊಂಡ.

"ಯಾ ಅಲ್ಲಾ! ಸೇಠ್, ಇದರ ಕಾಲು ಯಾರು ಕಡದ್ರು?"

"ನಾನ ಕಡಸೀನಿ. ಕೋಲು ನಂದು. ಅಳಬ್ಯಾಡ್ರಿ."

ಖಮರುದ್ದೀನ್ ಕೋಲಿಗೆ ಒಂದು ಸುತ್ತು ಬಂದು ನೋಡಿದ. "ಸಾಹುಕಾರ್, ಆಡಾಕ ಬಂದೀರೋ, ಅಂಗಳ ಗುಡಸಾಕ ಬಂದೀರೋ?"

"ಗುಡಸಾಕ ರೀ ಸಾಹೇಬ್ರ. ಮೊದಲು ನೀವು ಹೊಡೀರಿ."

ಖಮರುದ್ದೀನ್ ಚೆನ್ನಾಗಿಯೇ ಹೊಡೆದ. ಅವನ ಚೆಂಡು ನಾಲಾ ದಾಟಿ, ಆಚೆಯ ದಂಡೆಯ ಮೇಲೆ ಕುಪ್ಪಳಿಸಿ ನಿಂತಿತು. ಅವನು ಪಕ್ಕಕ್ಕೆ ಸರಿದು ದಾರಿ ಬಿಟ್ಟ. ಮಾಣಿಕಪ್ಪ ಕಂಬಕ್ಕೆ ಒರಗಿ ಟೊಪ್ಪಿಗೆಯನ್ನು ಕೈಯಲ್ಲಿ ಹಿಂಡುತ್ತಿದ್ದ.

ಕಲ್ಯಾಣಪ್ಪ ಒದ್ದೆ ಮಣ್ಣು ಚಿವುಟಿ ಚೆಂಡು ಕೂರಿಸಿದ. ಗಿಡ್ಡ ಕೋಲು ಅವನನ್ನು ಚೆಂಡಿನ ಮೇಲೆ ಬಾಗಿಸಿತು. ಅಷ್ಟೆತ್ತರದ ಮನುಷ್ಯ ಹಾಗೆ ಬಾಗಿದ್ದಕ್ಕೆ ಪಡಸಾಲೆಯಲ್ಲಿ ಯಾರೋ ಮೂಗಿನಲ್ಲಿ ನಕ್ಕರು. ಅವನಿಗೆ ಅದು ಕೇಳಿಸಿತು. ಕೇಳಿಸಿದರೆ ಕೇಳಿಸಲಿ. ಕೈ ಏರಿತು, ಹೆಗಲು ದಾಟಿತು, ಇನ್ನೂ ಏರಿತು. ಎದೆಯ ಮುಂದೆ ಬಯಲಿನಷ್ಟು ಜಾಗವಿತ್ತು. ಅಲ್ಲಿಂದ ಇಡೀ ಮೈ ಒಂದೇ ಮಾತಿನಂತೆ ಕೆಳಗೆ ಬಂತು.

ಚೆಂಡು ನಾಲಾವನ್ನು ನೋಡಲೂ ಇಲ್ಲ. ಅದರ ಮೇಲೆ ಎತ್ತರದಲ್ಲಿ ಹೋಯಿತು, ಖಮರುದ್ದೀನನ ಚೆಂಡಿನ ಮೇಲೆ ಹೋಯಿತು, ಬಿದ್ದು ಓಡಿತು, ಓಡುತ್ತಲೇ ಇತ್ತು.

"ಗಾಳಿ," ಎಂದ ಖಮರುದ್ದೀನ್. ಎಲ್ಲರೂ ಬಾವುಟದ ಕಡೆ ನೋಡಿದರು. ಬಾವುಟ ಒಗೆದು ಹಾಕಿದ ಅಂಗಿಯ ಹಾಗೆ ಜೋತುಬಿದ್ದಿತ್ತು. ಸೆಕ್ರೆಟರಿಗೇ ನಗು ತಡೆಯಲಾಗಲಿಲ್ಲ. "ಇಲ್ಲ, ಗಾಳಿ ಇಲ್ಲ. ಶಾಬಾಶ್ ಸಾಹುಕಾರ್. ಹೆಸರು ಇರ್ತದ. ನಿಮ್ಮ ಗಂಜಿನವರನ್ನೂ ಕರಸ್ರಿ."

ಮಾಣಿಕಪ್ಪ ಟೊಪ್ಪಿಗೆಯನ್ನು ಮೇಲಕ್ಕೆ ಎಸೆದು, ಹಿಡಿಯುವುದನ್ನು ಮರೆತ. ಮಕ್ಸೂದ್ ಆಗಲೇ ಪಟ್ಟಿ ಹಿಡಿದು ಅವನ ಭುಜಕ್ಕೆ ಕೈ ಹಾಕಿದ್ದ.

"ಕೋಟಿನ ಮ್ಯಾಲ ಅಳೀಬ್ಯಾಡ್ರಿ!" ಎಂದು ಕಲ್ಯಾಣಪ್ಪ ಕೂಗಿದ. "ನಮ್ಮ ಎದಿಮ್ಯಾಲ ಲಿಂಗ ಇರ್ತದ. ಕೈ ಅದನ್ನ ಕಾಯ್ತದ. ಅದಕ್ಕ ಜಾಗ ಬಿಟ್ಟು ಕೋಲು ಕೊಡ್ರಿ."

"ಅರೆ, ಇದು ಮೊದಲು ಹೇಳಬಾರದಾ ಸೇಠ್?"

"ನನಗ ಗೊತ್ತಿದ್ದರ ಹೇಳ್ತಿದ್ದಿಲ್ಲೇನು?"

ಅವನು ಡ್ರೈವರನ್ನು ಹೆಗಲಿಗೇರಿಸಿ ನಾಲಾದ ಮೇಲಿನ ಹಲಗೆಯ ಸೇತುವೆಗೆ ಇಳಿದ. ಇದುವರೆಗೆ ಈ ಸೇತುವೆಯ ಕೆಳಗೆ ಮೊಣಕಾಲುದ್ದ ನೀರಿನಲ್ಲಿ ಚೆಂಡು ಹುಡುಕಿದ್ದನೇ ಹೊರತು, ಆಟಗಾರನಾಗಿ ಮೇಲೆ ನಡೆದಿರಲಿಲ್ಲ. ಹಲಗೆ ಅವನ ಭಾರಕ್ಕೆ ಗುಡುಗುಟ್ಟಿತು. ಆಚೆಯ ದಂಡೆಯಲ್ಲಿ ಖಮರುದ್ದೀನ್ ತನ್ನ ಚೆಂಡಿನ ಬಳಿ ನಿಂತ. ಈ ಆಟದಲ್ಲಿ ಚೆಂಡು ಹಿಂದೆ ಬಿದ್ದವನೇ ಮೊದಲು ಹೊಡೆಯಬೇಕು, ಮುಂದೆ ಹೋದವನು ಕಾಯಬೇಕು. ಕಲ್ಯಾಣಪ್ಪ ಅವನನ್ನು ದಾಟಿ ನಡೆದ. ಇನ್ನೂ ನಡೆದ. ತನ್ನ ಚೆಂಡು ಸಿಕ್ಕಾಗ ಹಿಂತಿರುಗಿ ನಿಂತು, ಕೈಯನ್ನು ಬಾಯಿಗೆ ಅಡ್ಡ ಹಿಡಿದು ಕೂಗಿದ:

"ಹೊಡೀರಿ ಸಾಹೇಬ್ರ, ಸಾವಕಾಶ ಹೊಡೀರಿ. ನಾ ಇಲ್ಲೇ ನಿಂತೀನಿ!"