ಗಂಗುಲಮ್ಮನ ಗಾಡಿ ನೋಡಿ ತುಂಬಿದ ನನ್ನ ಗಾಡಿ

ಅಕ್ಕ ತಂಗಿಯರೇ, ನಿಮ್ಮ ಪಕ್ಕದ ಮನೆಯಲ್ಲಿ ಒಬ್ಬ ಗಂಗುಲಮ್ಮ ಇದ್ದಾಳೆಯೇ? ಇದ್ದೇ ಇರುತ್ತಾಳೆ. ಇಲ್ಲದಿದ್ದರೆ ನಮ್ಮವಳನ್ನೇ ಕಳಿಸುತ್ತೇನೆ, ಎರಡು ದಿನ ಇಟ್ಟುಕೊಳ್ಳಿ.

ನನ್ನ ಹೆಸರು ಚಿಕ್ಕವೆಂಕಟಮ್ಮ. ನಮ್ಮದು ಚಿಕ್ಕಬಳ್ಳಾಪುರದಿಂದ ಮುದ್ದೇನಹಳ್ಳಿ ಕಡೆ ಹೋಗುವ ದಾರಿಯಲ್ಲಿ ಒಂದು ಸಣ್ಣ ಊರು. ನಾನು ಮೂರನೇ ಕ್ಲಾಸಿನಲ್ಲಿ ಸ್ಲೇಟು ಒಡೆದುಕೊಂಡು ಮನೆಗೆ ಬಂದವಳು, ಮತ್ತೆ ಹೋಗಲಿಲ್ಲ. ಗಂಡ ತೀರಿಕೊಂಡು ಹನ್ನೆರಡು ವರ್ಷ. ಗಂಡ ಹೋದಾಗ ಅತ್ತದ್ದಕ್ಕಿಂತ ಗಂಗುಲಮ್ಮನ ಮನೆಗೆ ಸಾಮಾನು ಬಂದಾಗ ನಾನು ಹೆಚ್ಚು ಅತ್ತಿದ್ದೇನೆ ಎಂದು ಊರಿನವರು ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ. ಪೂರ್ತಿ ಸುಳ್ಳೇನಲ್ಲ.

ನಾನು ಹೇಳುವ ಕತೆ ನಡೆದ ವರ್ಷ ದೇವನಹಳ್ಳಿಯಲ್ಲಿ ಹೊಸ ವಿಮಾನ ನಿಲ್ದಾಣ ಶುರುವಾಗಿತ್ತು. ನಮ್ಮ ತಲೆಯ ಮೇಲೆ ವಿಮಾನ ಹೋಗುವುದಕ್ಕೂ ಗಂಗುಲಮ್ಮನ ಬಾಗಿಲಿಗೆ ಟೆಂಪೋ ಬರುವುದಕ್ಕೂ ಸರಿಯಾಯಿತು. ಅವಳ ಅಳಿಯ ರವಿಚಂದ್ರ ಬೆಂಗಳೂರಿನ ಯಾವುದೋ ದೊಡ್ಡ ಸಗಟು ಅಂಗಡಿಯಿಂದ ಮೂಟೆ ಮೂಟೆ ಸಾಮಾನು ತಂದು ಇಳಿಸುತ್ತಿದ್ದ. ಅವಳು ಅದನ್ನು ಅರ್ಧ ದಿನ ಜಗಲಿಯ ಮೇಲೆಯೇ ಇಟ್ಟಿರುತ್ತಿದ್ದಳು. ನೋಡಿ ನೋಡಿ ನನ್ನ ಹೊಟ್ಟೆ ಎಷ್ಟು ಉರಿಯಿತೆಂದರೆ, ಅದರ ಮೇಲೆ ಇಡೀ ಊರಿಗಾಗುವಷ್ಟು ಹಪ್ಪಳ ಸುಡಬಹುದಿತ್ತು. ರವಿಚಂದ್ರ ಮಂಚೇನಹಳ್ಳಿಯಲ್ಲಿ ಏನೋ ವ್ಯಾಪಾರ ಮಾಡುತ್ತಾನೆ ಎಂದಷ್ಟೇ ನನಗೆ ಗೊತ್ತಿತ್ತು. ಏನು ವ್ಯಾಪಾರ ಎಂದು ಕೇಳಿದರೆ ಅವಳು ಹೇಳಿಬಿಡುತ್ತಾಳೆ, ಆಮೇಲೆ ನಾನು ಕೂತು ಕೇಳಬೇಕಾಗುತ್ತದೆ. ಅದಕ್ಕೇ ಕೇಳಿರಲಿಲ್ಲ.

ನಮ್ಮ ಮನೆಯ ಚಿಂತೆ ಬೇರೆಯೇ ಇತ್ತು. ನನ್ನ ಮಗ ತಿರುಮಲೇಶನ ಹೆಂಡತಿ ವರಲಕ್ಷ್ಮಿ ಐದು ತಿಂಗಳ ಬಸುರಿ. ಆಶಾ ಕಾರ್ಯಕರ್ತೆ ಕವಿತ ಅವಳನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಿ ರಕ್ತ ಪರೀಕ್ಷೆ ಮಾಡಿಸಿದ್ದಳು. ರಕ್ತದ ಅಂಶ ಹನ್ನೊಂದಾದರೂ ಇರಬೇಕಾದ ಕಡೆ ಎಂಟೂವರೆ ಇತ್ತು.

“ಅಜ್ಜೀ, ರಕ್ತ ಕಮ್ಮಿ ಐತೆ. ಹಿಂಗೇ ಇದ್ರೆ ಹೆರಿಗೆ ಟೈಮಲ್ಲಿ ತಾಯಿಗೂ ಕಷ್ಟ, ಮಗೂಗೂ ಕಷ್ಟ. ಈ ಕಬ್ಬಿಣದ ಮಾತ್ರೆ ದಿನಾ ಕೊಡಿ. ಕಾಳು, ಸೊಪ್ಪು, ಮೊಟ್ಟೆ, ಕಡ್ಲೆಕಾಯಿ ಬೀಜ ಚೆನ್ನಾಗಿ ತಿನ್ಲಿ,” ಎಂದಳು ಕವಿತ.

“ಕಾಳು ಸೊಪ್ಪು ತಿಂದು ರಕ್ತ ಬರಂಗಿದ್ರೆ ನಮ್ಮನೆ ಮೇಕೆಗೆ ಎಷ್ಟು ರಕ್ತ ಇರ್ಬೇಕಿತ್ತು ಹೇಳು,” ಎಂದೆ ನಾನು.

ಕವಿತ ನಗಲಿಲ್ಲ. ಆ ಹುಡುಗಿ ನನ್ನ ಮಾತಿಗೆ ನಗದಿದ್ದರೆ ವಿಷಯ ಗಟ್ಟಿಯಾಗಿದೆ ಎಂದು ನಾನು ತಿಳಿದುಕೊಳ್ಳಬೇಕಿತ್ತು.

ಆ ತಿಂಗಳು ನಮ್ಮ ಸ್ತ್ರೀಶಕ್ತಿ ಸಂಘದವರು ಆ ಸಗಟು ಅಂಗಡಿಗೆ ಹೋಗುವುದೆಂದು ತೀರ್ಮಾನವಾಯಿತು. ಅಲ್ಲಿಗೆ ಯಾರು ಬೇಕಾದರೂ ನುಗ್ಗುವ ಹಾಗಿಲ್ಲ. ಅಂಗಡಿ, ಹೋಟೆಲು ನಡೆಸುವವರಿಗೆ ಕಾರ್ಡು ಕೊಟ್ಟಿರುತ್ತಾರೆ. ನಮ್ಮೂರಿನ ಚಿಲ್ಲರೆ ಅಂಗಡಿ ನಲ್ಲಪ್ಪನ ಹತ್ತಿರ ಕಾರ್ಡಿತ್ತು, ಅವನು ನಮ್ಮನ್ನು ಕರೆದುಕೊಂಡು ಹೋಗಲು ಒಪ್ಪಿದ. ಮೂಟೆಯಲ್ಲಿ ಕಾಳು ತಂದು ಹಂಚಿಕೊಂಡರೆ ಬಡವರ ಮನೆಗೂ ಒಳ್ಳೆಯ ಊಟ ಸಿಗುತ್ತದೆ ಎಂಬುದು ಕವಿತಳ ಲೆಕ್ಕ. ಏನೇನು ತರಬೇಕೆಂದು ಚೀಟಿ ಬರೆದು ನನ್ನ ಕೈಗೆ ಕೊಟ್ಟಳು. ನಾನು ಅದನ್ನು ಎಲೆ ಅಡಿಕೆ ಚೀಲದೊಳಗೆ ತುರುಕಿದೆ. ಗಂಗುಲಮ್ಮನೂ ಸಂಘದವಳೇ, ಅವಳೂ ಹೊರಟಿದ್ದಳು. ಇನ್ನು ನನಗೆ ಚೀಟಿ ಯಾಕೆ? ಗಂಗುಲಮ್ಮ ಏನು ತಗೊಳ್ಳುತ್ತಾಳೋ ಅದೆಲ್ಲ, ಅದರ ಮೇಲೆ ಒಂದೊಂದು ಜಾಸ್ತಿ. ನನ್ನ ಚೀಟಿ ಅಷ್ಟೇ.

ಆ ಅಂಗಡಿಯನ್ನು ಏನೆಂದು ಹೇಳಲಿ! ನಾಲ್ಕು ವಿಮಾನ ನಿಲ್ಲಿಸಿ, ನಡುವೆ ಎಮ್ಮೆ ಕಟ್ಟಿ, ಮೇವಿನ ಬಣವೆಯನ್ನೂ ಹಾಕಬಹುದು. ಅಕ್ಕಿ ಮೂಟೆಗಳು ನಂದಿಬೆಟ್ಟದಷ್ಟು ಎತ್ತರ. ಒಳಗೆ ಹೋಗುತ್ತಲೇ ಎಲ್ಲರಿಗೂ ಒಂದೊಂದು ತಳ್ಳುವ ಗಾಡಿ. ಗಂಗುಲಮ್ಮ ಅಳಿಯನ ಕಾರ್ಡು ತೋರಿಸಿ, ಅಳಿಯ ಬರೆದುಕೊಟ್ಟ ಪಟ್ಟಿ ಹಿಡಿದು ಮುಂದೆ ಹೊರಟಳು. ನಾನು ಅವಳ ಹಿಂದೆ.

ಅವಳು ಮೈದಾ ಹಿಟ್ಟಿನ ಮೂಟೆ ಹಾಕಿಸಿಕೊಂಡಳು. ನಾನೂ ಹಾಕಿಸಿಕೊಂಡೆ. ಅವಳು ಡಾಲ್ಡಾ ಡಬ್ಬ ಒಂದು, ನಾನು ಎರಡು. ಅವಳು ನೂಡಲ್ಸಿನ ಪೆಟ್ಟಿಗೆ, ನಾನು ಅದಕ್ಕಿಂತ ದೊಡ್ಡ ಪೆಟ್ಟಿಗೆ. ಹಾಲಿಗೆ ಹಾಕುವ ಸಿಹಿ ಪುಡಿಯ ದೊಡ್ಡ ಡಬ್ಬ ಒಂದಿತ್ತು. ಅದರ ಮೇಲೆ ಗುಂಡಗೆ ನಗುತ್ತಿರುವ ಮಗುವಿನ ಪಟ. ಅದನ್ನು ಮೂರು ತಗೊಂಡೆ. ಕೊನೆಗೆ ಅವಳು ಟೊಮೇಟೊ ಸಾಸಿನ ಕ್ಯಾನು ಎತ್ತಿದಳು. ನಮ್ಮ ಹೊಲದಲ್ಲಿ ಟೊಮೇಟೊ ಹಣ್ಣಾಗಿ ಕೇಳುವವರಿಲ್ಲದೆ ಉದುರುತ್ತಿತ್ತು. ಆದರೂ ನಾನು ಐದು ಕೆಜಿ ಸಾಸನ್ನು ಮಗುವಿನ ಹಾಗೆ ಎದೆಗೆ ಅವಚಿಕೊಂಡೆ.

“ಏನೇ ವೆಂಕಟಮ್ಮ, ನನ್ ಹಿಂದೇನೇ ಬತ್ತಿದ್ದೀಯ?” ಎಂದಳು ಗಂಗುಲಮ್ಮ.

“ನಿನ್ ಹಿಂದೆ ನಾನ್ಯಾಕೆ ಬರ್ಲಿ? ಇರದೊಂದೇ ದಾರಿ.”

ಅಲ್ಲಿ ಇಪ್ಪತ್ತು ದಾರಿ ಇದ್ದವು.

ಬಿಲ್ಲು ಹಾಕುವ ಕಡೆ ಕವಿತ ನನ್ನ ಗಾಡಿ ನೋಡಿ ನಿಂತುಬಿಟ್ಟಳು. “ಅಜ್ಜೀ, ನಾನ್ ಬರ್ಕೊಟ್ಟಿದ್ದು ಒಂದೂ ಇಲ್ವಲ್ಲ! ಇದ್ರಲ್ಲಿ ವರಲಕ್ಷ್ಮಕ್ಕಂಗೆ ಯಾವ್ದು?”

“ಎಲ್ಲಾ ಅವಳ್ಗೇ ಕಣಮ್ಮ. ಡಬ್ಬದ ಮೇಲಿನ ಮಗು ನೋಡು, ಹೆಂಗೈತೆ!”

“ಅದು ಪಟ ಅಜ್ಜಿ.”

“ನಂಗೂ ಕಣ್ ಕಾಣ್ಸುತ್ತೆ,” ಎಂದು ಗಾಡಿ ತಳ್ಳಿದೆ.

ಊರಿಗೆ ಬಂದು ನಾನೂ ಎಲ್ಲವನ್ನೂ ಜಗಲಿಯ ಮೇಲೆ ಜೋಡಿಸಿದೆ. ಆ ದಿನ ನನಗೆ ಊಟವೇ ಬೇಡವಾಯಿತು, ಅಷ್ಟು ಹೊಟ್ಟೆ ತುಂಬಿತ್ತು.

ಆಮೇಲೆ ಒಂದು ತಿಂಗಳು ವರಲಕ್ಷ್ಮಿಗೆ ರಾಜೋಪಚಾರ. ಬೆಳಿಗ್ಗೆ ನೂಡಲ್ಸು, ಮಧ್ಯಾಹ್ನ ಡಾಲ್ಡಾದಲ್ಲಿ ಕರಿದ ಪೂರಿ, ಮೂರು ಹೊತ್ತೂ ಸಿಹಿ ಪುಡಿಯ ಹಾಲು. ಕಬ್ಬಿಣದ ಮಾತ್ರೆ ಕಹಿ ಎನ್ನುತ್ತಿದ್ದಳು, ಅದನ್ನೂ ಅದೇ ಹಾಲಿನಲ್ಲಿ ನುಂಗಿಸಿದೆ. ಮೇಲೆ ಒಂದು ಲೋಟ ಕಾಫಿ.

“ಅತ್ತೆ, ಬಾಯೆಲ್ಲ ಕೆಟ್ಟೋಗೈತೆ. ಒಂದಿನ ಮುದ್ದೆ, ಸೊಪ್ಪಿನ ಬಸ್ಸಾರು ಮಾಡ್ಕೊಳ್ಲಾ?” ಎಂದು ಕೇಳಿದಳು ಪಾಪ.

“ಸುಮ್ನಿರಮ್ಮ. ಗಂಗುಲಮ್ಮನ ಮನೇಲಿ ಇದನ್ನೇ ತಿನ್ನದು. ನಾವೇನು ಅವರಿಗಿಂತ ಕಮ್ಮಿನಾ?”

ಒಂದು ಬೆಳಿಗ್ಗೆ ವರಲಕ್ಷ್ಮಿ ನೀರಿಗೆ ಹೋದವಳು ನಲ್ಲಿಯ ಹತ್ತಿರ ಕಣ್ಣು ಕತ್ತಲೆ ಬಂದು ಕುಸಿದಳು. ನಲ್ಲಿ ಇರುವುದು ಗಂಗುಲಮ್ಮನ ಮನೆಯ ಮುಂದೆ. ನಾನು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಓಡುವಷ್ಟರಲ್ಲಿ ಗಂಗುಲಮ್ಮ ಅವಳನ್ನು ಎತ್ತಿ ತನ್ನ ಅಡುಗೆಮನೆಯಲ್ಲಿ ಕೂರಿಸಿದ್ದಳು. ಹತ್ತು ವರ್ಷದಿಂದ ಆ ಮನೆಯ ಹೊಸ್ತಿಲು ದಾಟದವಳು ನಾನು. ಅವತ್ತು ಹೊಸ್ತಿಲು ಎಲ್ಲಿತ್ತೋ ನೋಡಲೇ ಇಲ್ಲ.

ವರಲಕ್ಷ್ಮಿಯ ಮುಖ ಸುಣ್ಣದ ಹಾಗಿತ್ತು. ಗಂಗುಲಮ್ಮ ಅವಳಿಗೆ ಗಾಳಿ ಬೀಸಿ, ನೀರು ಕುಡಿಸಿದಳು. ಅವಳು ಚೇತರಿಸಿಕೊಂಡ ಮೇಲೆ ಮುದ್ದೆ ಇಟ್ಟು ಬಸ್ಸಾರು ಬಡಿಸಿದಳು. ಹೆಸರುಕಾಳು, ದಂಟಿನ ಸೊಪ್ಪಿನ ಪಲ್ಯ. ಪಕ್ಕದಲ್ಲಿ ಒಂದು ಬೇಯಿಸಿದ ಮೊಟ್ಟೆ, ಒಂದು ಹೋಳು ನಿಂಬೆ. ನನ್ನ ಸೊಸೆ ವರ್ಷದಿಂದ ಉಪವಾಸವಿದ್ದವಳ ಹಾಗೆ ತಿಂದಳು. ನನಗೆ ಅಳುವೂ ಬಂತು, ಹೊಟ್ಟೆಕಿಚ್ಚೂ ಬಂತು. ನಾನು ಬಡಿಸಿದ್ದನ್ನು ಅವಳು ಒಂದು ದಿನವೂ ಹಾಗೆ ತಿಂದಿರಲಿಲ್ಲ.

“ಎಲ್ಲೇ ನಿನ್ ನೂಡಲ್ಸು? ಎಲ್ಲಿ ನಿನ್ ಡಾಲ್ಡಾ? ನಮ್ಗೆ ತೋರ್ಸದೊಂದು, ಒಳಗೆ ತಿನ್ನದೊಂದಾ?” ಎಂದೆ.

ಗಂಗುಲಮ್ಮ ಕಣ್ಣು ಕಣ್ಣು ಬಿಟ್ಟಳು. “ಅವು ನಮ್ಮನೇಗಲ್ಲ ಕಣೇ! ರವಿಚಂದ್ರ ಬಸ್ ಸ್ಟಾಂಡ್ ಹತ್ರ ತಿಂಡಿ ಹೋಟ್ಲು ಮಡಗಿಲ್ವಾ? ಅಲ್ಲಿ ಜಾಗ ಇಲ್ಲ, ಅದ್ಕೆ ಇಲ್ಲಿ ಇಳಿಸ್ತಾನೆ. ಅಲ್ಲ, ನೀನು ಅವನ್ನ… ಅಯ್ಯೋ ರಾಮ! ಬಸ್ರಿ ಹೆಂಗ್ಸಿಗೆ ತಿಂಗ್ಳೆಲ್ಲ ಹೋಟ್ಲು ಸಾಮಾನು ತಿನ್ಸಿದ್ಯಾ?”

ನಾನು ವರಲಕ್ಷ್ಮಿಯ ತಟ್ಟೆಯ ಮುಂದೆ ಕೂತೆ. ನನ್ನ ಮೂರನೇ ಕ್ಲಾಸಿನ ಸ್ಲೇಟು ಆ ದಿನ ಎರಡನೇ ಸಲ ಒಡೆಯಿತು.

ಅವಳು ನಗುತ್ತಾಳೆ ಎಂದುಕೊಂಡೆ. ನಗಲಿಲ್ಲ. ಸೆರಗಿನಲ್ಲಿ ಕೈ ಒರೆಸಿಕೊಂಡು ನನ್ನ ಪಕ್ಕದಲ್ಲೇ ಕೂತಳು.

“ತಪ್ಪು ನಂದೂ ಐತೆ ವೆಂಕಟಮ್ಮ. ನೀನು ನೋಡ್ಲಿ, ಉರ್ಕೊಳ್ಲಿ ಅಂತಾನೇ ಜಗಲಿ ಮೇಲೆ ಇಡ್ತಿದ್ದೆ. ನನ್ ಮಗ್ಳು ಮದ್ವೆಯಾಗಿ ಆರು ವರ್ಷ ಆಯ್ತು, ಇನ್ನೂ ಮಡ್ಲು ತುಂಬಿಲ್ಲ. ನಿಮ್ಮನೇಲಿ ಬಳೆ ತೊಡ್ಸೋ ಮಾತು ಕಿವಿಗೆ ಬಿದ್ದಾಗೆಲ್ಲ ನಂಗೆ ಹೆಂಗಾಗ್ತಿತ್ತು ಗೊತ್ತಾ?”

ಗೊತ್ತಿರಲಿಲ್ಲ. ಹತ್ತು ವರ್ಷ ಅವಳ ಜಗಲಿಯನ್ನು ನೋಡಿದ ನಾನು ಅವಳ ಮುಖವನ್ನು ನೋಡಿರಲಿಲ್ಲ.

ಸುದ್ದಿ ಕೇಳಿ ಕವಿತ ಬಂದಳು. ಆಟೋದಲ್ಲಿ ವರಲಕ್ಷ್ಮಿಯನ್ನು ಆಸ್ಪತ್ರೆಗೆ ಕರೆದುಕೊಂಡು ಹೋದೆವು. ರಕ್ತ ಎಂಟಕ್ಕೆ ಇಳಿದಿತ್ತು. ಡಾಕ್ಟರಮ್ಮ ನನ್ನ ಕಡೆ ನೋಡಿ, “ಮುಂದಿನ ತಿಂಗಳಿಗೂ ಏರದಿದ್ದರೆ ದೊಡ್ಡಾಸ್ಪತ್ರೆಗೆ ಕಳಿಸಬೇಕಾಗುತ್ತೆ ಅಜ್ಜಿ. ಹೆರಿಗೇಲಿ ಸ್ವಲ್ಪ ಜಾಸ್ತಿ ರಕ್ತ ಹೋದ್ರೂ ಇವಳು ತಡ್ಕೊಳ್ಳಲ್ಲ,” ಎಂದರು.

ಬರುವಾಗ ಆಟೋದಲ್ಲಿ ನಾನೇ ಬಾಯಿಬಿಟ್ಟೆ. “ಕವಿತಾ, ಆ ಚೀಟಿ ಇನ್ನೂ ನನ್ ಚೀಲದಲ್ಲೇ ಐತೆ. ಓದಿ ಹೇಳವ್ವ.”

ಸುಣ್ಣ ಮೆತ್ತಿದ ಚೀಟಿಯನ್ನು ಕವಿತ ಬಿಡಿಸಿ ಓದಿದಳು. “ಹೆಸರುಕಾಳು, ಹುರುಳಿಕಾಳು, ತೊಗರಿಬೇಳೆ, ಕಡ್ಲೆಕಾಯಿ ಬೀಜ, ಅಯೋಡಿನ್ ಇರೋ ಉಪ್ಪು. ಇಷ್ಟೇ ಅಜ್ಜಿ. ವರ್ಷಗಟ್ಲೆ ಕೆಡದೆ ಇರೋ ಕಾಳನ್ನ ಮಾತ್ರ ಮೂಟೇಲಿ ತರ್ಬೇಕು. ಬೀಜ ಮಾತ್ರ ಎರಡು ತಿಂಗ್ಳಿಗಾಗೋಷ್ಟೇ ಸಾಕು, ಮುಗ್ಗಲು ಹಿಡಿದ್ರೆ ಬಿಸಾಕ್ಬೇಕು. ರಾಗಿ ನಿಮ್ಮಲ್ಲೇ ಐತೆ. ಸೊಪ್ಪು, ನುಗ್ಗೆ ಹಿತ್ಲಲ್ಲೇ ಐತೆ, ಟೊಮೇಟೊ ಹೊಲದಲ್ಲೇ ಐತೆ. ಮೊಟ್ಟೆ ನಿಮ್ ಕೋಳಿನೇ ಕೊಡುತ್ತೆ. ಡಬ್ಬ ಯಾವ್ದೇ ತಗೊಂಡ್ರೂ ತಾರೀಖು ನೋಡ್ಬೇಕು.”

“ಮಾತ್ರೆ?”

“ಮಾತ್ರೆ ಬಿಡಂಗಿಲ್ಲ. ಊಟ ಒಂದ್ರಿಂದಾನೇ ಇಷ್ಟು ಕಮ್ಮಿ ಇರೋ ರಕ್ತ ಏರಲ್ಲ. ಆದ್ರೆ ಹಾಲು, ಕಾಫಿ, ಟೀ ಜೊತೆ ಬೇಡ, ಅವು ಮಾತ್ರೆ ಮೈಗೆ ಹತ್ತಕ್ಕೆ ಬಿಡಲ್ಲ. ನಿಂಬೆ ನೀರಲ್ಲಿ ಕೊಡಿ. ಕಾಫಿ ಬೇಕಂದ್ರೆ ಎರಡು ಗಂಟೆ ಬಿಟ್ಟು.”

ಮುಂದಿನ ವಾರ ಮತ್ತೆ ಅದೇ ಅಂಗಡಿಗೆ ಹೋದೆವು. ಗಂಗುಲಮ್ಮ ಒಂದು ಕಡೆ, ನಾನು ಒಂದು ಕಡೆ ಹಿಡಿದು ಒಂದೇ ಗಾಡಿ ತಳ್ಳಿದೆವು. ಅವಳಿಗೆ ಎಡಕ್ಕೆ ಹೋಗಬೇಕು, ನನಗೆ ಬಲಕ್ಕೆ. ಅಂಗಡಿಯವರು ಬಂದು ಬಿಡಿಸಬೇಕಾಯಿತು. ಆದರೂ ಚೀಟಿಯಲ್ಲಿ ಇದ್ದದ್ದೆಲ್ಲ ಬಂತು, ಇಲ್ಲದ್ದು ಬರಲಿಲ್ಲ.

ಮೂಟೆಗಳನ್ನು ನಾನು ನಾವು ರೇಷ್ಮೆ ಹುಳು ಸಾಕುವ ಹುಳುಮನೆಯಲ್ಲಿ ಇಡಿಸಲು ಹೊರಟೆ. ಊರಲ್ಲಿ ಎಲ್ಲರೂ ಮಾಡುವುದೇ ಅದು. ರೇಷ್ಮೆ ಗೂಡು ಬಿಡಿಸಿ ಮಾರಿದ ಮೇಲೆ ಹುಳುಮನೆ ಖಾಲಿ, ತಂಪು, ಇಲಿ ಬರುವುದಿಲ್ಲ. ಕವಿತ ಬಾಗಿಲಲ್ಲೇ ಅಡ್ಡ ನಿಂತಳು.

“ಮೊನ್ನೆ ಇಲ್ಲಿಗೆ ಔಷಧಿ ಹೊಡೆದು ಬ್ಲೀಚಿಂಗ್ ಪೌಡರ್ ಹಾಕಿಲ್ವಾ ಅಜ್ಜಿ? ಆ ಘಾಟು ಕಾಳಿಗೆ ಹಿಡೀಲಿ ಅಂತಾನಾ?”

ನಾನು ಮೂಟೆಯ ಮೇಲೆಯೇ ಕೂತುಬಿಟ್ಟೆ. ಹುಳುವಿಗೆ ಒದ್ದೆ ಹಿಪ್ಪುನೇರಳೆ ಸೊಪ್ಪು ಹಾಕಿದರೆ ಸಾಯುತ್ತದೆ ಎಂದು ನಲವತ್ತು ವರ್ಷ ಊರಿಗೆಲ್ಲ ಪಾಠ ಹೇಳಿದವಳು ನಾನು. ಸೊಸೆಯ ಕಾಳಿಗೆ ಆ ಎಚ್ಚರ ಬರಲಿಲ್ಲ.

ಕಾಳನ್ನು ಅಂಗಳದಲ್ಲಿ ಬಿಸಿಲಿಗೆ ಹಾಕಿದೆವು. ಸಂಘದ ಆರು ಮನೆಯವರು ಕೂಡಿ ಸೇರಿನಲ್ಲಿ ಅಳೆದು ಹಂಚಿಕೊಂಡೆವು. ಒಣಗಿದ ಬೇವಿನ ಎಲೆ ಹಾಕಿ ಡಬ್ಬದ ಮುಚ್ಚಳ ಬಿಗಿದೆವು. ಗಂಗುಲಮ್ಮನ ಸೇರು ನನ್ನ ಸೇರಿಗಿಂತ ಗೋಪುರವಾಗಿತ್ತು ಎಂದು ನನಗೆ ಇವತ್ತಿಗೂ ಅನುಮಾನ ಇದೆ, ಅದು ಬೇರೆ ಮಾತು.

ಅಂದಿನಿಂದ ಒಂದು ದಿನ ಹೆಸರುಕಾಳು, ಒಂದು ದಿನ ಹುರುಳಿಕಾಳು. ಜೊತೆಗೆ ಸೊಪ್ಪು, ಮೊಟ್ಟೆ, ಸಂಜೆ ಬೆಲ್ಲದ ಜೊತೆ ಹುರಿದ ಕಡಲೆಬೀಜ. ಒಂದು ತಿಂಗಳಿಗೆ ರಕ್ತ ಒಂಬತ್ತು ದಾಟಿತು. ಇನ್ನೊಂದು ತಿಂಗಳಿಗೆ ಹತ್ತೂವರೆ. ವರಲಕ್ಷ್ಮಿಗೆ ಆಸ್ಪತ್ರೆಯಲ್ಲೇ ಸುಸೂತ್ರವಾಗಿ ಹೆಣ್ಣು ಮಗು ಆಯಿತು. ಅದರ ಕೂಗು ಬೆಂಗಳೂರಿಗೆ ಕೇಳಿಸಿತಂತೆ, ವಿಮಾನ ಒಂದು ಸುತ್ತು ಜಾಸ್ತಿ ಹೊಡೆಯಿತಂತೆ.

ಮಗು ನನ್ನ ಕೈಯಲ್ಲಿ ಒಂದೇ ಸಮನೆ ಅಳುತ್ತಿತ್ತು. ನಾನು ಅದನ್ನು ಗಂಗುಲಮ್ಮನ ಕೈಗೆ ಇಟ್ಟೆ. ತಕ್ಷಣ ಸುಮ್ಮನಾಯಿತು. ನೋಡಿ, ಮತ್ತೆ ಉರಿಯಿತು ನನ್ನ ಹೊಟ್ಟೆ. ಆದರೆ ಅವಳ ಕಣ್ಣಲ್ಲಿ ನೀರು ತುಂಬಿದ್ದನ್ನು ನೋಡಿ ಮಗುವನ್ನು ವಾಪಸು ಕೇಳಲಿಲ್ಲ.

ಇಷ್ಟು ಕೇಳಿದಿರಲ್ಲ ತಾಯಂದಿರೇ, ಇನ್ನು ನಿಮಗೆ ನನ್ನದೊಂದು ಮಾತು. ದೊಡ್ಡ ಅಂಗಡಿಗೆ ಹೋಗಿ, ಬೇಡ ಅನ್ನುವುದಿಲ್ಲ. ಆದರೆ ಹೊರಡುವ ಮುಂಚೆ ನಿಮ್ಮ ಮನೆಯಲ್ಲಿ ಯಾರ ಮುಖ ಬಿಳಿಚಿದೆ ಎಂದು ಒಂದು ಸಲ ನೋಡಿ. ನಿಮ್ಮೂರಿನ ಆಶಾ ಕಾರ್ಯಕರ್ತೆಯಿಂದ ಚೀಟಿ ಬರೆಸಿಕೊಳ್ಳಿ. ಕಾಳು ತನ್ನಿ, ನೆರೆಯವರ ಜೊತೆ ಹಂಚಿಕೊಳ್ಳಿ, ಒಣಗಿಸಿ ಇಡಿ. ಬಸುರಿ ಇದ್ದರೆ ನಾಳೆಯೇ ರಕ್ತ ಪರೀಕ್ಷೆ ಮಾಡಿಸಿ, ಮಾತ್ರೆ ತಪ್ಪಿಸಬೇಡಿ.

ಹೊಟ್ಟೆಕಿಚ್ಚು ಬಿಡಿ ಎಂದು ನಾನು ಯಾವ ಬಾಯಲ್ಲಿ ಹೇಳಲಿ? ಪಡಲೇಬೇಕು ಎಂದಿದ್ದರೆ ಪಕ್ಕದ ಮನೆಯ ಜಗಲಿಯನ್ನು ನೋಡಿ ಪಡಬೇಡಿ. ಒಳಗೆ ಹೋಗಿ ಅವರ ತಟ್ಟೆಯಲ್ಲಿ ಏನಿದೆ ನೋಡಿ, ಆಮೇಲೆ ಪಡಿ. ಐದು ಕೆಜಿ ಸಾಸು ಇನ್ನೂ ನಮ್ಮ ಅಟ್ಟದ ಮೇಲಿದೆ. ಬೇಕಾದವರು ಬಂದು ನೋಡಿಕೊಂಡು ಹೋಗಬಹುದು.