ಏಳನೆಯ ಸಾಲು

"ಆಯ್ತಮ್ಮ, ಒಪ್ಪಿದೀನಿ. ಹೆಬ್ಬೆಟ್ಟು ಎಲ್ಲಿ ಒತ್ಲಿ?"

ಓದು ಇನ್ನೂ ಮುಗಿದಿರಲಿಲ್ಲ. ಎರಡನೆಯ ಹಾಳೆಯಲ್ಲಿ ಮೂರು ಸಾಲು ಬಾಕಿ ಇದ್ದವು. ಹೊಲಿಗೆಯಾಕೆ ಆಗಲೇ ಮಸಿಪೆಟ್ಟಿಗೆಯತ್ತ ಕೈ ಚಾಚಿದ್ದಳು. ಅವಳ ಬೆರಳ ಗೆಣ್ಣುಗಳು ಹಸಿಶುಂಠಿಯ ಹಾಗೆ ಊದಿದ್ದವು.

"ತಾಳಿ, ಇನ್ನೂ ಇದೆ" ಎಂದಳು ಓದಕ್ಕ.

"ಇರ್ಲಿ ಬಿಡಿ. ನೀವು ಓದ್ತಿದ್ರೆ ಅರ್ಧ ನೋವು ಇಲ್ಲೇ ಹೋಯ್ತು."

ಆಸ್ಪತ್ರೆಯಲ್ಲಿ ಎಲ್ಲರೂ ಅವಳನ್ನು ಕರೆಯುತ್ತಿದ್ದುದೇ ಓದಕ್ಕ ಎಂದು. ಗೆಣ್ಣುನೋವಿಗೆ ಹೊಸ ಗುಳಿಗೆಯೊಂದರ ಪರೀಕ್ಷೆ ಅಲ್ಲಿ ನಡೆದಿತ್ತು. ಸೇರಲು ಬಂದವರಲ್ಲಿ ಅಕ್ಷರ ಬಾರದವರಿಗೆ ಒಪ್ಪಿಗೆಯ ಹಾಳೆಯನ್ನು ಓದಿ ಹೇಳುವುದು ಅವಳ ಕೆಲಸ. ಎಂಟು ತಿಂಗಳಲ್ಲಿ ಎಂಬತ್ತಾರು ಜನಕ್ಕೆ ಓದಿದ್ದಳು. ಎಂಬತ್ತಾರು ಜನವೂ ಒಪ್ಪಿದ್ದರು. ದಾಖಲೆ ಪುಸ್ತಕದಲ್ಲಿ 'ಬೇಡವೆಂದವರು' ಎಂಬ ಕಾಲಂ ಒಗೆದು ಹರವಿದ ಬಟ್ಟೆಯಂತೆ ಬೆಳ್ಳಗಿತ್ತು. ಪರೀಕ್ಷೆ ನಡೆಸುತ್ತಿದ್ದ ಡಾಕ್ಟರಮ್ಮ ಬಂದವರಿಗೆಲ್ಲ ಅದನ್ನು ತೋರಿಸಿ, "ನಮ್ಮ ಓದಕ್ಕನ ಬಾಯಲ್ಲಿ ಜೇನಿದೆ" ಎನ್ನುತ್ತಿದ್ದರು.

ಜೇನು ಅಪ್ಪನದು. ಸಂಜೆ ಕೈಕಾಲು ತೊಳೆದು ಬಂದು ಅಪ್ಪ ಹಳೆಯ ಪದ್ಯಗಳನ್ನು ರಾಗವಾಗಿ ಓದುತ್ತಿದ್ದರು. ಸಾಲಿನ ತುದಿಯಲ್ಲಿ ದನಿಯನ್ನು ಮೆಲ್ಲಗೆ ಇಳಿಸಿ, ಮಲಗಿದ ಕೂಸನ್ನು ಕೊಟ್ಟಂತೆ ಕೇಳುವವರ ಮಡಿಲಿಗೆ ಕೊಡುತ್ತಿದ್ದರು. ಯಾರೂ ಕಲಿಸದೆ ಅದು ಮಗಳಿಗೆ ಬಂದಿತ್ತು. ಔಷಧದ ಹಾಳೆ ಹಿಡಿದರೂ ನಾಲಿಗೆ ಆ ದಾರಿಯನ್ನೇ ಹಿಡಿಯುತ್ತಿತ್ತು.

ಆದರೆ ಆ ಬಿಳಿ ಕಾಲಂ ಕೆಲವು ದಿನಗಳಿಂದ ಅವಳ ತಲೆಯಲ್ಲಿ ಹುಳದಂತೆ ಕೊರೆಯುತ್ತಿತ್ತು. ಒಂದು ಬದನೆಕಾಯಿಯನ್ನು ಹತ್ತು ಸಲ ತಿರುವಿ ನೋಡಿ ವಾಪಸ್ಸಿಡುವ ಜನ ಇವರು. ಗುಳಿಗೆಗೆ ಮಾತ್ರ ಒಬ್ಬರಾದರೂ ಬೇಡ ಎನ್ನಬಾರದೆ?

ಮಸಿಪೆಟ್ಟಿಗೆಯನ್ನು ತನ್ನ ಕಡೆಗೆ ಎಳೆದುಕೊಂಡಳು. "ನಾನು ಏನು ಓದಿದೆ, ಹೇಳಿ ನೋಡೋಣ."

"ಅಯ್ಯೋ, ನನಗೇ ಪರೀಕ್ಷೆನಾ?" ಹೊಲಿಗೆಯಾಕೆ ನಕ್ಕಳು. "ಹೊಸ ಗುಳಿಗೆ ಕೊಡ್ತೀರಿ. ಆರು ವಾರ. ನೋವು ಹೋಗುತ್ತೆ."

"ನೋವು ಹೋಗುತ್ತೆ ಅಂತ ಓದಿದ್ನಾ?"

"ಬಾಯಿಬಿಟ್ಟು ಅನ್ಲಿಲ್ಲ. ನಿಮ್ಮ ದನಿ ಹಂಗಂದಂಗಿತ್ತು!"

"ಏಳನೇ ಸಾಲಲ್ಲಿ ಏನಿತ್ತು?"

"ಏಳೋ ಎಂಟೋ, ಅಲ್ಲೊಂದು ಕಡೆ ಬಹಳ ಚೆನ್ನಾಗಿತ್ತು" ಎಂದವಳೇ ಕಣ್ಣು ಮುಚ್ಚಿ ಗುನುಗಿದಳು. ಏರಿದ್ದು, ಒಂದು ಕ್ಷಣ ನಿಂತದ್ದು, ಇಳಿದದ್ದು ಎಲ್ಲವೂ ಸರಿಯಾಗಿತ್ತು. ಮಾತು ಮಾತ್ರ ಒಂದೂ ಇರಲಿಲ್ಲ.

ಓದಕ್ಕ ಹಾಳೆಯನ್ನು ಮೇಜಿನ ಮೇಲಿಟ್ಟು, ದಿನಸಿ ಚೀಟಿ ಓದುವವರಂತೆ ಬೆರಳಿಟ್ಟು ಹೇಳಿದಳು. "ಈಗ ತಗೊಳ್ತಿರೋ ನೋವಿನ ಗುಳಿಗೆ ಆರು ವಾರ ನಿಲ್ಲಿಸ್ಬೇಕು. ಅದು ಏಳನೇ ಸಾಲು. ಹೊಸದು ಅಂತ ಕೊಡೋದ್ರಲ್ಲಿ ಅರ್ಧ ಜನದ ಗುಳಿಗೇಲಿ ಔಷಧನೇ ಇರಲ್ಲ. ಯಾರಿಗೆ ಯಾವ್ದು ಅಂತ ಡಾಕ್ಟರಿಗೂ ಗೊತ್ತಿರಲ್ಲ. ಅದು ಎಂಟನೇದು."

"ನಿಲ್ಲಿಸೋದಾ?" ಹೊಲಿಗೆಯಾಕೆ ಚಾಚಿದ್ದ ಕೈಯನ್ನು ಎದೆಗೆ ಒತ್ತಿಕೊಂಡಳು. "ಅದಿಲ್ದಿದ್ರೆ ಮಧ್ಯಾಹ್ನದ ಹೊತ್ತಿಗೆ ನಾನು ಕತ್ತರಿ ಹಿಡಿಯಕ್ಕಾಗಲ್ಲ ತಾಯಿ! ಶಾಲೆ ತೆರೆಯೋದ್ರೊಳಗೆ ಇನ್ನೂರು ಜೊತೆ ಸಮವಸ್ತ್ರ ಹೊಲೀಬೇಕು. ಇದನ್ನ ಆಗಲೂ ಓದಿದ್ರಾ?"

"ಓದಿದ್ದೆ."

"ಹಂಗಾದ್ರೆ ನಾನೆಲ್ಲಿಗೆ ಹೋಗಿದ್ದೆ?"

ಹೊಲಿಗೆಯಾಕೆ ಮೇಜಿನ ಮೇಲಿದ್ದ ಹಾಳೆಯನ್ನು ಓದಕ್ಕನ ಕಡೆಗೆ ಸರಿಸಿದಳು.

"ಬೇಡ ಅಂದ್ರೆ ನಿಮಗೆ ಬೇಜಾರಾಗಲ್ವಾ?"

"ಆಗಲ್ಲ. ಬೇಡ ಅಂದ್ರೂ ನಿಮ್ಮ ಚಿಕಿತ್ಸೆ ನಿಲ್ಲಲ್ಲ. ಅದನ್ನೂ ಓದಿದ್ದೆ."

"ಹಂಗಾದ್ರೆ ಬೇಡ" ಎಂದು ಹೊಲಿಗೆಯಾಕೆ ಎದ್ದಳು. ಬಾಗಿಲ ಬಳಿ ತಿರುಗಿ, "ಓದೋದೇನೋ ಚೆನ್ನಾಗಿ ಓದ್ತೀರ" ಎಂದಳು. ಅದು ಹೊಗಳಿಕೆಯೋ ದೂರೋ ಓದಕ್ಕನಿಗೆ ತಿಳಿಯಲಿಲ್ಲ.

ಓದಕ್ಕ ನಡೆದದ್ದನ್ನು ಹೇಳಿ, ಒಪ್ಪಿದವರನ್ನೆಲ್ಲ ಕರೆಸಿ ಮತ್ತೆ ಓದಬೇಕು ಎಂದಾಗ ಡಾಕ್ಟರಮ್ಮ ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು.

"ಎಂಬತ್ತಾರು ಹೆಬ್ಬೆಟ್ಟಿದೆ. ನೀವು ಓದಿದ್ದೆಲ್ಲ ರೆಕಾರ್ಡ್ ಆಗಿದೆ. ಒಂದಕ್ಷರ ಬಿಟ್ಟಿಲ್ಲ. ಇನ್ನೇನು ಬೇಕು ಓದಕ್ಕ?"

"ನಾನು ಓದಿದ್ದಕ್ಕೆ ಸಾಕ್ಷಿ ಇದೆ ಮೇಡಂ. ಅವರು ತಿಳ್ಕೊಂಡಿದ್ದಕ್ಕೆ ಇಲ್ಲ."

"ಒಬ್ಬಾಕೆ ನಿದ್ದೆಗಣ್ಣಲ್ಲಿದ್ದಳು ಅಂತ..."

"ಒಂದೇ ಒಂದು ಹಾಕಿ ಕೇಳಿ. ಯಾವ್ದಾದ್ರೂ ಸರಿ."

ಡಾಕ್ಟರಮ್ಮ ಕಂಪ್ಯೂಟರಿನಲ್ಲಿ ಒಂದನ್ನು ಒತ್ತಿದರು. ಓದಕ್ಕನ ದನಿ ಕೋಣೆಯನ್ನು ತುಂಬಿತು. ಮೊದಲು ಡಾಕ್ಟರಮ್ಮ ನೆಟ್ಟಗೆ ಕೂತಿದ್ದರು. ಆಮೇಲೆ ಬೆನ್ನು ಕುರ್ಚಿಗೆ ಒರಗಿತು. ಕೈಯಲ್ಲಿದ್ದ ಪೆನ್ನು ಮೇಜಿನ ಅಂಚಿಗೆ ಮೆಲ್ಲಗೆ ತಾಳ ಹಾಕತೊಡಗಿತು. ಓದಕ್ಕ ಆ ಪೆನ್ನನ್ನೇ ನೋಡುತ್ತಿದ್ದಳು.

"ಏಳನೇ ಸಾಲು ಬಂತಾ ಮೇಡಂ?"

ಪೆನ್ನು ನಿಂತಿತು. "ಇನ್ನೂ... ಬಂದಿರ್ಬೇಕು" ಎಂದರು. "ನಾನೇ ಬರೆದ ಸಾಲು, ನನಗೆ ಕೇಳಿಸ್ಲಿಲ್ವಾ?"

ಹಿಂದಕ್ಕೆ ಹೋಗಿ ಮತ್ತೆ ಹಾಕಿದರು. ಏಳನೆಯ ಸಾಲು ಅಲ್ಲೇ ಇತ್ತು, ಒಂದಕ್ಷರವೂ ತಪ್ಪದೆ. ಮೂರನೆಯ ಸಲ ಹಾಕುವಾಗ ಅವರ ಮುಖದಲ್ಲಿ ಸಿಟ್ಟಿರಲಿಲ್ಲ. ಸೂಕ್ಷ್ಮದರ್ಶಕದಲ್ಲಿ ಕಣ್ಣಿಟ್ಟವರ ಮುಖ ಅದು.

"ಎಲ್ಲರನ್ನೂ ಮತ್ತೆ ಕರೆಸಿದ್ರೆ ಎಷ್ಟು ಜನ ಉಳೀತಾರೆ?"

"ಗೊತ್ತಿಲ್ಲ."

"ಅರ್ಧ ಜನ ಎದ್ದುಹೋದ್ರೂ ಈ ಪರೀಕ್ಷೆ ನಿಂತುಹೋಗುತ್ತೆ. ಎಂಟು ತಿಂಗಳು ನೀರಲ್ಲಿ ಹೋಮ. ನಿಮ್ಮ ಕೆಲಸವೂ ಅದರ ಜೊತೆಗೇ ಹೋಯ್ತು."

"ಹೌದು ಮೇಡಂ." ಓದಕ್ಕ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು. "ನಮ್ಮನೇಲಿ ಅಪ್ಪ ಓದೋರು, ಸೋದರತ್ತೆ ಅರ್ಥ ಹೇಳೋರು. ಅಪ್ಪ ರಾಗದಲ್ಲಿ ತೇಲಿಹೋಗ್ತಿದ್ರೆ ಅತ್ತೆ, 'ನಿಲ್ಸಣ್ಣ, ಮಕ್ಕಳಿಗೆ ಏನು ತಿಳೀತು ಕೇಳೋಣ' ಅಂತ ಗದರೋರು. ಅಪ್ಪನಿಗೆ ಸಿಟ್ಟು ಬರೋದು. ಆದ್ರೆ ಅತ್ತೆ ಬಂದು ಕೂರೋವರೆಗೂ ಪುಸ್ತಕ ಬಿಚ್ತಿರ್ಲಿಲ್ಲ. ಇಲ್ಲಿ ನಾನು ಬರೀ ಅಪ್ಪ ಆಗ್ಬಿಟ್ಟೆ."

ಡಾಕ್ಟರಮ್ಮ ದಾಖಲೆ ಪುಸ್ತಕವನ್ನು ಎಳೆದು, ಬಿಳಿ ಕಾಲಮ್ಮಿನ ತಲೆಯಲ್ಲಿ ಒಂದು ಎಂದು ಬರೆದರು.

"ಇನ್ನೂ ಗುಳಿಗೆ ತಿನ್ತಿರೋರನ್ನ ಮೊದಲು ಕರೀರಿ" ಎಂದರು. "ಮುಗಿಸಿದವರನ್ನ ಆಮೇಲೆ. ಅವರಿಂದ ತಿಳ್ಕೊಂಡಿದ್ದನ್ನ ನಾವು ಇಟ್ಕೋಬಹುದಾ ಅಂತ ಅವರನ್ನೇ ಕೇಳ್ಬೇಕು."

ಮರುದಿನ ಬೆಳಿಗ್ಗೆ ಮೊದಲು ಬಂದವನು ಗಡಿಯಾರ ರಿಪೇರಿಯವನು. ಗುಳಿಗೆ ಶುರುಮಾಡಿ ಮೂರು ವಾರವಾಗಿತ್ತು. ಕುರ್ಚಿಯಲ್ಲಿ ಕೂತು, ಹಾಡು ಕೇಳಲು ಬಂದವನಂತೆ ಕಾಲು ಚಾಚಿ ಕಣ್ಣು ಮುಚ್ಚಿದ.

ಓದಕ್ಕ ಓದಿದಳು. ಸ್ವಲ್ಪ ಹೊತ್ತಿಗೆ ಅವನು ಒಂದು ಕಣ್ಣು ತೆರೆದ.

"ಯಾಕಕ್ಕ, ಗಂಟ್ಲು ಕೆಟ್ಟಿದೆಯಾ?"

"ಇಲ್ಲ ಅಣ್ಣ. ಕಣ್ಣು ಬಿಟ್ಕೊಂಡೇ ಕೇಳಿ."

ಏಳನೆಯ ಸಾಲಿನ ತುದಿಗೆ ಬರುವಾಗ ದನಿ ತಾನಾಗಿಯೇ ಇಳಿಯಲು ಹೊರಟಿತು. ಓದಕ್ಕ ಅದನ್ನು ತಡೆದಳು, ಕೊನೆಯ ಮಾತನ್ನು ಹಾಗೆಯೇ ಒರಟಾಗಿ ಹೇಳಿ ಮುಂದಕ್ಕೆ ಹೋದಳು. ಮುಗಿದ ಮೇಲೆ ಹಾಳೆಗಳನ್ನು ಮಗುಚಿಟ್ಟಳು.

"ಈಗ ನೀವು ಹೇಳಿ."

ಅವನು ಮಗುಚಿದ ಹಾಳೆಯ ಖಾಲಿ ಬೆನ್ನನ್ನು ನೋಡಿದ. ಬಲಗೈಯ ಬೆರಳುಗಳನ್ನು ಮಡಚಲು ನೋಡಿದ, ಎರಡು ಮಡಚಲಿಲ್ಲ.

"ಮೂರು ವಾರದಿಂದ ಈ ಗುಳಿಗೆ ವಿಷಯ ಒಂದು ಮಾತು ಕೇಳ್ಬೇಕು ಅಂತಿದ್ದೆ ಅಕ್ಕ" ಎಂದ. "ಕೇಳಬಹುದಾ?"

ಓದಕ್ಕ ಮಸಿಪೆಟ್ಟಿಗೆಯ ಮುಚ್ಚಳ ಹಾಕಿ, ತನ್ನ ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡಳು.