ಅವ್ವನಕೌದಿ ಡಾಟ್ ಕಾಮ್

ತಪ್ಪು ನನ್ನದೂ ಇದೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ನಾನು ಬೇರೆಯವರನ್ನು ಬಯ್ಯುವುದಿದೆ.

ನನ್ನ ಹೆಸರು ವಿದ್ಯಾ. ಬಾಗಲಕೋಟೆಯ ನವನಗರದಲ್ಲಿ ಕಂಪ್ಯೂಟರ್ ಕಲಿಸುತ್ತೇನೆ. ಬಿಡುವಿದ್ದಾಗ ಸಣ್ಣಪುಟ್ಟ ಅಂಗಡಿಯವರಿಗೆ ವೆಬ್‌ಸೈಟ್ ಮಾಡಿಕೊಡುತ್ತೇನೆ. ಅವರ ಜೊತೆ ನನ್ನ ಜಗಳವೆಲ್ಲ ಒಂದೇ ವಿಷಯಕ್ಕೆ, ವಿಳಾಸಕ್ಕೆ. ಒಬ್ಬ ಗೊಬ್ಬರದಂಗಡಿಯವನಿಗೆ ಮನೆದೇವರ ಹೆಸರು, ಅಪ್ಪನ ಹೆಸರು, ಇಬ್ಬರು ಮಕ್ಕಳ ಹೆಸರು, ಕೊನೆಗೊಂದು ಟ್ರೇಡರ್ಸ್, ಎಲ್ಲವೂ ವಿಳಾಸದಲ್ಲೇ ಬೇಕಿತ್ತು. "ಇದರಾಗ ಯಾರನ್ನ ಬಿಡಲಿ ಹೇಳ್ರಿ ಮೇಡಂ" ಎಂದು ನನ್ನನ್ನೇ ಕೇಳಿದ. ಅಷ್ಟುದ್ದ ಟೈಪು ಮಾಡುವಷ್ಟರಲ್ಲಿ ಗಿರಾಕಿ ಎದುರಿನಂಗಡಿಯಲ್ಲಿ ಗೊಬ್ಬರ ಕೊಂಡು ಹೊಲಕ್ಕೆ ಹಾಕಿ ಬಂದಿರುತ್ತಾನೆ. ವಿಳಾಸವೆಂದರೆ ಒಮ್ಮೆ ಕಿವಿಗೆ ಬಿದ್ದರೆ ಮರೆಯಬಾರದು, ಫೋನಿನಲ್ಲಿ ಹೇಳಿದರೆ ಎರಡನೇ ಸಲ ಕೇಳಬಾರದು. ಇದನ್ನು ಹೇಳಿ ಹೇಳಿ ನನ್ನ ಗಂಟಲು ಕೆಟ್ಟಿದೆ.

ನಮ್ಮ ಓಣಿಯಲ್ಲೇ ಶಾರವ್ವ ಕಾಕು ಇದ್ದಾಳೆ. ಚಳಿಗೆ ಹೊದೆಯುವ ಕೌದಿ ಹೊಲಿಯುವವಳು. ತೀರಿಹೋದ ತಾಯಿಯ ಸೀರೆಗಳನ್ನು ಜನ ತಂದು ಕೊಡುತ್ತಾರೆ. ಕಾಕು ಅವನ್ನು ಒಗೆದು, ಹರಿದದ್ದನ್ನು ಒಳಗೆ ಹಾಕಿ, ಗಟ್ಟಿ ಇದ್ದದ್ದನ್ನು ಮೇಲೆ ಹಾಸಿ, ಅಂಚಿನಿಂದ ಸುತ್ತುತ್ತ ನಡುವಿನವರೆಗೆ ಕೈಯಲ್ಲೇ ಹೊಲಿಯುತ್ತಾಳೆ. ಒಂದು ಕೌದಿಗೆ ಒಂದು ತಿಂಗಳು ಹಿಡಿಯುತ್ತದೆ. ಒಂದು ತುಂಡನ್ನೂ ಆಚೆ ಎಸೆಯುವವಳಲ್ಲ. "ಮಂದಿ ತಮ್ಮವ್ವನ್ನ ನನ್ನ ಕೈಯಾಗ ಕೊಟ್ಟು ಹೋಗ್ತಾರ" ಅನ್ನುತ್ತಾಳೆ. ಅವಳ ಜೊತೆ ಓಣಿಯ ಇನ್ನೂ ಮೂವರು ಹೆಂಗಸರು ಕೂತು ಹೊಲಿಯುತ್ತಾರೆ. ಮನೆ ನಡೆಯುವುದು ಅದರಿಂದಲೇ.

ನನ್ನ ವಿದ್ಯಾರ್ಥಿಯೊಬ್ಬ ಅವಳಿಗೆ ಪುಕ್ಕಟೆಯದೊಂದು ವೆಬ್‌ಸೈಟ್ ಮಾಡಿಕೊಟ್ಟಿದ್ದ. ಅದರ ವಿಳಾಸ ರೈಲಿನಷ್ಟು ಉದ್ದ, ನಡುನಡುವೆ ಗೆರೆ, ಕೊನೆಗೆ ಐದು ಅಂಕಿ. ಅದನ್ನೊಂದು ಚೀಟಿಯಲ್ಲಿ ಬರೆದು ಕಾಕು ಬಾಗಿಲ ಹಿಂದೆ ಅಂಟಿಸಿಕೊಂಡಿದ್ದಳು. ಹುಬ್ಬಳ್ಳಿಯಿಂದ ಯಾರಾದರೂ ಫೋನು ಮಾಡಿದರೆ ಎದ್ದು ಹೋಗಿ, ಕನ್ನಡಕ ಹಾಕಿಕೊಂಡು, ಒಂದೊಂದೇ ಅಕ್ಷರ ಓದುತ್ತಿದ್ದಳು. ಅರ್ಧಕ್ಕೆ ಬರುವಷ್ಟರಲ್ಲಿ ಅವರು "ಆಮ್ಯಾಲೆ ಮಾಡ್ತೀನ್ರಿ" ಎಂದು ಇಟ್ಟುಬಿಡುತ್ತಿದ್ದರು. ಆಮೇಲೆ ಯಾರೂ ಮಾಡುತ್ತಿರಲಿಲ್ಲ.

"ನಿಮಗ ಸ್ವಂತದ್ದೊಂದು ವಿಳಾಸ ತೊಗೊಳ್ಳೂಣು ಕಾಕೂ" ಎಂದು ನಾನೇ ಹೇಳಿದೆ.

"ಇದರ ಮ್ಯಾಲೂ ನೀರು ಬರ್ತೈತೇನು?" ಎಂದು ಕೇಳಿದಳು. ಹಳೆ ಬಾಗಲಕೋಟೆಯಲ್ಲಿ ಅವಳ ಗಂಡನ ಮನೆಗೆ ಅಂಚೆಯವನು ಹೆಸರು ನೋಡಿಯೇ ಬರುತ್ತಿದ್ದನಂತೆ. ಆ ಊರು ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿದ ಮೇಲೆ ಇಲ್ಲಿ ಸೆಕ್ಟರ್ ನಂಬರು, ಪ್ಲಾಟ್ ನಂಬರು. ಇಪ್ಪತ್ತು ವರ್ಷವಾದರೂ ಅವಳಿಗೆ ಅದನ್ನು ತಡವರಿಸದೆ ಹೇಳಲು ಬರುವುದಿಲ್ಲ.

ಹೆಸರು ಹುಡುಕಲು ನಾವು ಪಟ್ಟ ಪಾಡು ಯಾವ ಕೂಸಿಗೂ ಯಾರೂ ಪಟ್ಟಿರಲಿಕ್ಕಿಲ್ಲ. ಕಾಕುವಿಗೆ ಮುಂದೆ ಶ್ರೀ ಬೇಕು. ನಾನು ಬೇಡವೆಂದೆ. ಶಾರವ್ವ ಎಂದಿಡೋಣವೆಂದರೆ ನಾಚಿಕೊಂಡಳು, ನನ್ನ ಹೆಸರು ನೋಡಿ ಯಾರು ಬರ್ತಾರ ಅಂದಳು. ಕೊನೆಗೆ ಅವಳ ಬಾಯಲ್ಲೇ ಸದಾ ಇರುವ ಮಾತು ಹಿಡಿದೆ: ಅವ್ವನ ಕೌದಿ. ಪರೀಕ್ಷೆಗೆಂದು ಪಕ್ಕದ ಮನೆಯ ತಿಮ್ಮಣ್ಣನನ್ನು ಕರೆದೆ. ಮೂವತ್ತು ವರ್ಷ ಕಂಡಕ್ಟರ್ ಆಗಿ ಗುಡೂರು, ಇಳಕಲ್, ಬಾದಾಮಿ ಎಂದು ಕೂಗಿದ ಗಂಟಲು ಅದು. ಗೇಟಿನಲ್ಲಿ ನಿಂತು ಒಂದೇ ಸಲ ಕೂಗಿದ. ನಾಲ್ಕು ಮನೆಯಾಚೆ ಕಟ್ಟೆಯ ಮೇಲೆ ಕೂತ ಮುಮ್ತಾಜ ಚಾಚಿ ತನ್ನ ಫೋನಿನಲ್ಲಿ ಒತ್ತಿ ತಂದು ತೋರಿಸಿದಳು. ಒಂದಕ್ಷರ ತಪ್ಪಿರಲಿಲ್ಲ. ಆ ಹೆಸರು ಯಾರ ಬಳಿಯೂ ಇಲ್ಲ, ಖಾಲಿ ಇದೆ ಎಂದೂ ವಿಳಾಸ ಮಾರುವವರ ಪುಟ ತೆರೆದು ನನ್ನ ಫೋನಿನಲ್ಲಿ ನೋಡಿಕೊಂಡೆ. ನನಗೆ ಹೆಮ್ಮೆಯೋ ಹೆಮ್ಮೆ.

ಆ ಗಳಿಗೆಯಲ್ಲೇ ಕೊಂಡುಬಿಡಬೇಕಿತ್ತು. ಐದು ನಿಮಿಷದ ಕೆಲಸ. ಫೋನು ಕೈಯಲ್ಲೇ ಇತ್ತು.

"ಆಷಾಢ ಐತಿ. ಈಗ ಬ್ಯಾಡ" ಅಂದಳು ಕಾಕು. "ಶ್ರಾವಣದ ಮೊದಲನೇ ಸೋಮವಾರ ಪೂಜಿ ಮಾಡಿ ತೊಗೊಳ್ಳೂಣು. ಅಷ್ಟರಾಗ ಕಾರ್ಡ್ ಹಂಚಿಬಿಡೂಣು."

"ತೊಗೊಳ್ಳೂಕಿಂತ ಮೊದಲ ಕಾರ್ಡ್ ಹೆಂಗ ಹಂಚೂದು ಕಾಕೂ?"

"ಮದುವಿ ಕಾರ್ಡ್ ಮದುವಿಕಿಂತ ಮೊದಲ ಹಂಚೂದಿಲ್ಲೇನು?"

ಮದುವೆ ಕಾರ್ಡು ಓದಿದ ಯಾರೋ ಮೊದಲೇ ಬಂದು ತಾಳಿ ಕಟ್ಟಿ ಹೋಗುವುದಿಲ್ಲ ಎಂದು ಈಗ ಹೇಳಬಲ್ಲೆ. ಆಗ ಹೇಳಲಿಲ್ಲ. ಕಂಪ್ಯೂಟರ್ ಕಲಿಸಿದರೇನಾಯಿತು, ಆಷಾಢದಲ್ಲಿ ಹೊಸ ಕೆಲಸ ಹಿಡಿಯಲು ನನಗೂ ಅಳುಕೇ. ಮೂರು ವಾರ ತಾನೆ, ಬಾಗಲಕೋಟೆಯ ಕೌದಿಯ ಹೆಸರನ್ನು ಯಾರು ಹೊತ್ತುಕೊಂಡು ಹೋಗುತ್ತಾರೆ ಅಂದುಕೊಂಡೆ.

ಐನೂರು ಕಾರ್ಡು ಹಾಕಿಸಿದೆವು. ಮೇಲೆ ಕಾಕು ಹೊಲಿದ ಕೌದಿಯ ಫೋಟೋ, ಕೆಳಗೆ ದಪ್ಪಕ್ಷರದಲ್ಲಿ ವಿಳಾಸ. ಫೋನ್ ನಂಬರು ಬೇಡ, ಕಾರ್ಡು ಗಿಜಿಗಿಜಿಯಾಗುತ್ತದೆ, ವಿಳಾಸ ಒತ್ತಿದರೆ ನಂಬರೂ ಸಿಗುತ್ತದಲ್ಲ ಎಂದವಳು ನಾನೇ. ಮೊದಲ ಕಾರ್ಡಿಗೆ ಅರಿಷಿಣ ಕುಂಕುಮ ಹಚ್ಚಿ ಕಾಕು ಹುನಗುಂದಕ್ಕೆ ಹೋದಳು, ತವರುಮನೆಗೆ. ಶುಭಕಾರ್ಯದ ಮೊದಲ ಕಾರ್ಡು ಹೆಣ್ಣುಮಗಳು ಅಲ್ಲಿಗೆ ಕೊಡದೆ ಇನ್ನೆಲ್ಲಿಗೆ ಕೊಡಬೇಕು? ಅಲ್ಲಿ ಅವಳ ಅಣ್ಣ ಮುದಕಪ್ಪ ಇದ್ದಾನೆ. ಅವನ ಮಗ ಪ್ರೇಮಕುಮಾರನದು ಗಾದಿ ಅಂಗಡಿ. ಗಾದಿ, ದಿಂಬು, ಮಷೀನಿನಲ್ಲಿ ಹೊಲಿದ ರಜಾಯಿ ಮಾರುತ್ತಾನೆ. ಉಳಿದ ಕಾರ್ಡುಗಳು ಇಳಕಲ್ಲಿಗೆ, ಬಾದಾಮಿಗೆ, ಗುರುತಿದ್ದ ಊರಿಗೆಲ್ಲ ಹೋದವು.

ಸೋಮವಾರ ಬಂತು. ಲ್ಯಾಪ್‌ಟಾಪಿಗೆ ವಿಭೂತಿ ಹಚ್ಚಿ, ಎರಡು ಸೇವಂತಿಗೆ ಇಟ್ಟು, ಕಾಕು ಕೈಮುಗಿದು ಕೂತಳು. ಮುಮ್ತಾಜ ಚಾಚಿ ಪೇಢೆ ತಂದಿದ್ದಳು. ನಾನು ಹೆಸರು ಟೈಪು ಮಾಡಿದೆ. ಆ ವಿಳಾಸ ಬೇರೆಯವರದಾಗಿ ಹದಿನೆಂಟು ದಿನವಾಗಿತ್ತು.

ನಾನು ಮತ್ತೆ ಮತ್ತೆ ಟೈಪು ಮಾಡಿದೆ. ಏನಾಯಿತೆಂದು ಕಾಕುವಿನ ಜೊತೆ ಹೊಲಿಯುವ ಮೂವರು ಹೆಂಗಸರೂ ನನ್ನ ಮುಖ ನೋಡುತ್ತಿದ್ದರು. ಕಾಕು ಮಾತ್ರ ಇನ್ನೂ ಕೈಮುಗಿದೇ ಇದ್ದಳು.

ಮಧ್ಯಾಹ್ನ ಉತ್ತರ ತಾನಾಗಿಯೇ ಮನೆಗೆ ಬಂತು. ಪಂಚಮಿ ಹಬ್ಬಕ್ಕೆ ತಂಗಿಯನ್ನು ಕರೆದೊಯ್ಯಲು ಮುದಕಪ್ಪ ಬಂದಿದ್ದ. ಚಹಾ ಕುಡಿಯುತ್ತ ಅವನೇ ಅಂದ: "ನಮ್ಮ ಪ್ರೇಮ್ಯಾ ನಿನ್ನ ಹೆಸರು ಹಿಡಿದಿಟ್ಟಾನ ಶಾರೀ. ಬ್ಯಾರೆದವ್ರು ಯಾರರೆ ಹೊಡಕೊಂಡು ಹೋದಾರಂತ ಅವತ್ತ ತೊಗೊಂಡ ನೋಡು."

ಕಾಕುವಿನ ಮುಖ ಅರಳಿತು. "ನಮ್ಮ ಹುಡುಗನ ಹತ್ರ ಐತಿ ಅಂದ್ರ ನನ್ನ ಹತ್ರ ಇದ್ದಂಗ" ಎಂದು ನನಗೆ ಪೇಢೆ ಕೊಟ್ಟಳು.

"ಹಂಗಾರ ಇವತ್ತ ಕಾಕೂನ ಹೆಸರಿಗೆ ಮಾಡಿಕೊಡಾಕ ಹೇಳ್ರಿ" ಅಂದೆ ನಾನು.

"ಮಾಡ್ತಾನ ಬಿಡವಾ. ಹಬ್ಬ ಮುಗೀಲಿ" ಎಂದ ಮುದಕಪ್ಪ. ಅವನು ಸುಳ್ಳು ಹೇಳುತ್ತಿರಲಿಲ್ಲ. ಅವನಿಗೆ ನಿಜವಾಗಿಯೂ ಅಷ್ಟೇ ಗೊತ್ತಿತ್ತು.

ಹಬ್ಬ ಮುಗಿಯಿತು. ಕಾಕು ಹೊಸ ಸೀರೆ ಉಟ್ಟು, ಡಬ್ಬಿ ತುಂಬ ಉಂಡಿ ಕಟ್ಟಿಸಿಕೊಂಡು ಬಂದಳು.

"ಕೇಳಿದಿರೇನು?"

"ಹಬ್ಬದಾಗ ಹೆಂಗ ಕೇಳ್ಲಿ ವಿದ್ಯಾ? ಅಣ್ಣ ಅಷ್ಟು ಪ್ರೀತಿಲೆ ಕರಕೊಂಡು ಹೋಗಿದ್ದ."

ಸಿಟ್ಟಿನಲ್ಲಿ ನಾನು ಎರಡು ಉಂಡಿ ತಿಂದೆ. ಇನ್ನೇನು ಮಾಡಲಿಕ್ಕಾಗುತ್ತಿತ್ತು?

ಹದಿನೈದು ದಿನಕ್ಕೆ ಆ ವಿಳಾಸದಲ್ಲಿ ವೆಬ್‌ಸೈಟ್ ತೆರೆದುಕೊಂಡಿತು. ಕಾರ್ಡಿನ ಮೇಲಿದ್ದ ಕಾಕುವಿನ ಕೌದಿಯ ಫೋಟೋ ಅಲ್ಲಿತ್ತು. ಬಾಗಲಕೋಟೆಯ ಶಾರವ್ವನ ಕೈಹೊಲಿಗೆ ಎಂದು ಬರೆದಿತ್ತು. ಫೋನ್ ನಂಬರು ಪ್ರೇಮಕುಮಾರನದು. ಸೀರೆ ಕಳಿಸಬೇಕಾದ ಜಾಗ ಹುನಗುಂದದ ಗಾದಿ ಅಂಗಡಿ.

ನಾನು ಫೋನು ಮಾಡಿದೆ. "ಅಕ್ಕಾರ, ನಮ್ಮ ಅತ್ತೀಗೆ ವಯಸ್ಸಾಗೇತ್ರಿ" ಎಂದ ಬಲು ಮೆತ್ತಗೆ. "ತಿಂಗಳಿಗೆ ಒಂದು ಕೌದಿ ಹೊಲದ್ರ ಧಂದೆ ನಡೀತೈತೇನ್ರಿ? ಆರ್ಡರ್ ನಾ ನೋಡ್ಕೋತೇನಿ. ಕೈಲೆ ಹೊಲಿಯೂದು ಇದ್ರ ಅತ್ತೀಗೆ ಕಳಿಸ್ತೇನಿ." ಒಂದೂ ಕಳಿಸಲಿಲ್ಲ. ಎರಡನೇ ಸಲ ಮಾಡಿದಾಗ ಎತ್ತಲಿಲ್ಲ.

ನಾನು ಕಾಕುವಿಗೆ ಬೇರೆ ವಿಳಾಸ ಕೊಂಡೆ. ಹಿಂದೊಂದು ಪದ, ಮುಂದೊಂದು ಪದ ಸೇರಿಸಿ ಹೇಗೋ ಹೊಂದಿಸಿದೆ. ಒಬ್ಬರೂ ಅದನ್ನು ನೆನಪಿಡಲಿಲ್ಲ. ಜನರ ಬಾಯಲ್ಲಿ ಉಳಿದದ್ದು ಮೊದಲನೆಯದೇ. ತಿಮ್ಮಣ್ಣ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕವರಿಗೆಲ್ಲ ಅಭಿಮಾನದಿಂದ ಅದನ್ನೇ ಹೇಳುತ್ತಿದ್ದ. ಬೇಡ ಎಂದರೆ ಎರಡು ದಿನ ಬಿಟ್ಟು ಮತ್ತೆ ಅದೇ ಬಾಯಿಗೆ ಬರುತ್ತಿತ್ತು. ಅಷ್ಟು ಚೆನ್ನಾಗಿ ಆರಿಸಿದ್ದೆ ನಾನು. ಕಾರ್ಡುಗಳನ್ನು ಮರಳಿ ಕೇಳೋಣವೆಂದರೆ ಯಾವ ಊರಿನ ಯಾವ ಗೋಡೆಯ ಮೊಳೆಗೆ ಸಿಕ್ಕಿಸಿದ್ದಾರೋ. ಕಾಕುವಿನ ಫೋನು ದಿನಕ್ಕೊಮ್ಮೆ, ಆಮೇಲೆ ವಾರಕ್ಕೊಮ್ಮೆ ರಿಂಗಾಗತೊಡಗಿತು. ಹೊಲಿಯಲು ಬರುತ್ತಿದ್ದ ಮೂವರಲ್ಲಿ ಇಬ್ಬರು ಬೇರೆ ಕೆಲಸ ಹಿಡಿದರು.

ದೂರು ಕೊಡಲು ದಾರಿ ಇದೆ. ಹುಡುಕಿ, ಓದಿ, ನಾಲ್ಕು ಪುಟದ ಅರ್ಜಿ ಬರೆದೆ. ಗೆಲ್ಲುತ್ತೇವೆಂಬ ಭರವಸೆ ಇರಲಿಲ್ಲ, ಮೊದಲು ಹಿಡಿದವನದೇ ಹೆಸರು ಅನ್ನುವವರೇ ಹೆಚ್ಚು. ಆದರೂ ಕಾಕುವಿನ ಒಂದು ಸಹಿ ಬಿದ್ದಿದ್ದರೆ ಕಳಿಸಬಹುದಿತ್ತು.

ಅವಳು ಹಾಳೆಯನ್ನು ಮುಟ್ಟಲೇ ಇಲ್ಲ. "ತವರಮನಿ ಮ್ಯಾಲೆ ಅರ್ಜಿ ಕೊಡ್ತಾರೇನವಾ? ಮುಂದಿನ ಪಂಚಮಿಗೆ ನನ್ನ ಕರಿಯಾಕ ಯಾರು ಬರ್ತಾರ?"

"ಅವ್ರು ನಿಮ್ಮ ಹೊಟ್ಟಿ ಮ್ಯಾಲೆ ಹೊಡದಾರ ಕಾಕೂ."

"ಹೌದು" ಅಂದಳು. ಅಷ್ಟೇ. ಅರ್ಜಿ ನನ್ನ ಬ್ಯಾಗಿನಲ್ಲೇ ಮುದುರಿಹೋಯಿತು.

ದೀಪಾವಳಿ ಕಳೆದು ಚಳಿ ಹಿಡಿದಿತ್ತು. ಒಂದು ಭಾನುವಾರ ಬೆಳಿಗ್ಗೆ ಕಾಕುವಿನ ಮನೆಯಲ್ಲಿ ಕೂತಿದ್ದೆ. ಬಾದಾಮಿಯಿಂದ ಒಬ್ಬಳು ಬಂದಳು. ಹೆಸರು ಅಲ್ಮಾಸ, ಶಾಲೆಯಲ್ಲಿ ಟೀಚರು. ಕಾರ್ಡು ಕೊಟ್ಟಿದ್ದ ಗೆಳತಿಯಿಂದ ಮನೆಯ ಗುರುತು ಕೇಳಿಕೊಂಡು ಬಂದಿದ್ದಳು. ಕಂಕುಳಲ್ಲಿ ದೊಡ್ಡದೊಂದು ಪ್ಲಾಸ್ಟಿಕ್ ಚೀಲ. ಕುಳಿತುಕೊಳ್ಳುವ ಮೊದಲೇ ಅದರಿಂದ ರಜಾಯಿಯೊಂದನ್ನು ತೆಗೆದು ಚಾಪೆಯ ಮೇಲೆ ಹಾಸಿದಳು.

"ಅಮ್ಮಾ, ನಮ್ಮವ್ವ ತೀರಿಕೊಂಡು ವರ್ಷಾತು. ಆಕಿ ಸೀರಿ ಮೂರು ನಿಮಗ ಕಳಿಸಿದ್ದೆ. ಎರಡು ಇಳಕಲ್ ಸೀರಿ, ಒಂದು ದಿನಾ ಉಡೂದು. ಇದು ಬಂದೇತಿ. ಇದರಾಗ ನಮ್ಮವ್ವನ ಸೀರಿ ಎಲ್ಲಿ ಅದಾವ್ರಿ?"

ಕಾಕು ರಜಾಯಿಯ ಮೇಲೆ ಕೈಯಾಡಿಸಿದಳು. ಮಗುಚಿ ನೋಡಿದಳು. ಅಂಚು ಹಿಡಿದು ಒಳಗಿನದನ್ನು ಬೆರಳಲ್ಲಿ ಹಿಸುಕಿ ನೋಡಿದಳು. ಮೇಲೆ ಕೆಳಗೆ ಹೊಸ ಬಟ್ಟೆ, ನಡುವೆ ಹೊಸ ಹತ್ತಿ, ಉದ್ದಕ್ಕೂ ಮಷೀನಿನ ಹೊಲಿಗೆ. ಅವಳ ಮುಖ ನೋಡಲು ನನಗೆ ಧೈರ್ಯ ಬರಲಿಲ್ಲ.

"ಕೂಡವಾ, ಚಾ ಕುಡಿ" ಎಂದು ಅವಳನ್ನು ಕೂರಿಸಿ, ನನ್ನನ್ನು ಅಡುಗೆಮನೆಗೆ ಕರೆದಳು. ತನ್ನ ಫೋನಿನಿಂದ ಪ್ರೇಮಕುಮಾರನಿಗೆ ಹಚ್ಚಲು ಹೇಳಿದಳು. ಅತ್ತೆಯ ನಂಬರು ನೋಡಿ ಎತ್ತಿದ.

"ಪ್ರೇಮ್ಯಾ, ಬಾದಾಮಿಯವ್ರ ಮೂರು ಸೀರಿ ಎಲ್ಲಿ ಅದಾವೋ?"

"ಹಳೀ ಅರಿವಿ ಮಷೀನ್ಯಾಗ ಕೂಡೂದಿಲ್ಲ ಅತ್ತೀ. ಹೊಸಾದು ಹಾಕಿ ಚಲೋತ್ನಂಗ ಮಾಡಿ ಕೊಟ್ಟೇವಲ್ಲ. ಅವೆಲ್ಲಾ ಗುಜರಿಯವ ಒಯ್ದ."

"ಯಾವಾಗ?"

"ದೀಪಾವಳಿ ಮುಂದ. ಯಾಕ, ಏನರೆ ಅಂದ್ರೇನು?"

"ಇಲ್ಲಪಾ" ಎಂದು ಕಾಕು ಫೋನನ್ನು ನನ್ನ ಕೈಗೆ ಕೊಟ್ಟಳು. ಕರೆ ಮುಗಿಸುವುದು ಹೇಗೆಂದೂ ಆ ಹೊತ್ತಿಗೆ ಅವಳಿಗೆ ಮರೆತಿತ್ತು.

ಹೊರಗೆ ಹೋಗಿ ಇದ್ದದ್ದು ಇದ್ದ ಹಾಗೆ ಹೇಳಿಬಿಡುವುದೆಂದು ನಿರ್ಧರಿಸಿದೆ. ಈ ಹೆಂಗಸು ಟೀಚರು, ತಿಳಿವಳಿಕೆ ಇದ್ದವಳು, ಪೊಲೀಸರಿಗೆ ದೂರು ಕೊಟ್ಟರೆ ಆ ಅಂಗಡಿಯವನ ಬಂಡವಾಳ ಬಯಲಾಗುತ್ತದೆ. ನಮ್ಮಿಂದಾಗದ್ದು ಇವಳಿಂದಾದರೂ ಆಗಲಿ.

ಅಲ್ಮಾಸ ಚಹಾ ಮುಟ್ಟಿರಲಿಲ್ಲ. ನಮ್ಮನ್ನು ನೋಡಿದ್ದೇ ಎದ್ದು ನಿಂತಳು. "ಸಿಗ್ತಾವಲ್ರಿ?"

"ಇಲ್ಲವಾ" ಅಂದಳು ಕಾಕು. "ಸಿಗೂದಿಲ್ಲ."

ಅಲ್ಮಾಸ ನಿಧಾನವಾಗಿ ಕೇಳಿದಳು: "ಪಾರ್ಸಲ್ ಹುನಗುಂದಕ್ಕ ಹೋಗಿತ್ರಿ. ಅಲ್ಲಿ ಯಾರೋ ಗಂಡಸರು ಮಾತಾಡಿದ್ರು. ಖರೆ ಹೇಳ್ರಿ ಅಮ್ಮಾ, ಆ ಅವ್ವನಕೌದಿ ಯಾರದು? ಅವರದೋ, ನಿಮ್ಮದೋ?"

ನಾನು ಬಾಯಿ ತೆರೆದೆ. ಕಾಕು ನನ್ನ ಮುಂಗೈ ಹಿಡಿದಳು. ಸೂಜಿ ಹಿಡಿದು ಗಂಟುಗಟ್ಟಿದ ಬೆರಳುಗಳು, ಬಿಡಿಸಿಕೊಳ್ಳಲು ಆಗಲಿಲ್ಲ.

"ನಂದವಾ" ಅಂದಳು. "ನಂದ ಅದು. ತಪ್ಪು ನಂದ."

ಅಲ್ಮಾಸ ಅವಳನ್ನೇ ನೋಡಿದಳು. ಬಯ್ಯುತ್ತಾಳೆಂದುಕೊಂಡೆ, ಬಯ್ಯಲಿ ಎಂದೇ ಬಯಸಿದೆ. ಅವಳು ಬಯ್ಯಲಿಲ್ಲ. "ಹೆಸರು ನೋಡಿ ನಂಬಿದ್ದೆ" ಎಂದಳು. "ಇಲ್ಲದಿದ್ರ ಒಂದು ಸೀರಿಯರೆ ಇಟ್ಕೋತಿದ್ದೆ."

ರಜಾಯಿಯನ್ನು ಅಲ್ಲೇ ಬಿಟ್ಟು, ಚಪ್ಪಲಿ ಮೆಟ್ಟಿಕೊಂಡು ಹೋದಳು. ಕಾಕು ಗೇಟಿನವರೆಗೆ ಅವಳ ಹಿಂದೆಯೇ ಹೋದಳು. ನಾನು ನಿಂತಲ್ಲೇ ನಿಂತಿದ್ದೆ.